ಹಳೆಯ ಆಂಪ್ಲಿಫೈಯರ್‌ಗೆ ಹೊಸ ಹಾಡಿನ ಪೆಟ್ಟಿಗೆ: ಬೋರ್ಡ್ ಸುಲಭ, ಟ್ಯಾಗ್ ಕಷ್ಟ

ಮನೆಯಲ್ಲಿ ಹಳೆಯ ಆಂಪ್ಲಿಫೈಯರ್ ಇದೆ, ಎರಡು ದೊಡ್ಡ ಸ್ಪೀಕರ್ ಇವೆ. ಕ್ಯಾಸೆಟ್ ಡೆಕ್ ಕೆಟ್ಟು ಅಟ್ಟ ಸೇರಿದೆ. ಹಾಡುಗಳೆಲ್ಲ ಪೆನ್‌ಡ್ರೈವ್, ಮೊಬೈಲ್, ಯಾವುದೋ ಹಳೆಯ ಹಾರ್ಡ್‌ಡಿಸ್ಕ್ ಅಂತ ಚದುರಿಹೋಗಿವೆ. ಕಲಬುರಗಿಯಲ್ಲಿ ಇಂಥ ಮನೆಗಳು ಬೇಕಾದಷ್ಟಿವೆ. ರಾಸ್ಪ್‌ಬೆರಿ ಪೈ ಎಂಬ ಅಂಗೈಯಗಲದ ಒಂದು ಕಂಪ್ಯೂಟರ್ ಬೋರ್ಡ್, ಅದರೊಳಗೆ ಒಂದು ಓಪನ್ ಸೋರ್ಸ್ (ಒಳಗಿನ ಕೋಡ್ ಎಲ್ಲರಿಗೂ ತೆರೆದಿಟ್ಟ) ಮ್ಯೂಸಿಕ್ ಪ್ಲೇಯರ್ ಇದ್ದರೆ ಎಲ್ಲ ಹಾಡೂ ಒಂದು ಕಡೆ ಸೇರುತ್ತವೆ. ಮೊಬೈಲ್‌ನಲ್ಲಿ ಆರಿಸಿದರೆ ಸ್ಪೀಕರ್‌ನಲ್ಲಿ ಹಾಡು.

ಹೀಗೆ ಮಾಡಿಕೊಂಡವರನ್ನು ತುಂಬ ನೋಡಿದ್ದೇನೆ. ಸಾಫ್ಟ್‌ವೇರ್ ಹಾಕುವುದು ಅರ್ಧ ಗಂಟೆಯ ಕೆಲಸ. ಆಮೇಲೆ ಪೆನ್‌ಡ್ರೈವ್‌ನಲ್ಲಿ ಇದ್ದಬದ್ದ ಹಾಡನ್ನೆಲ್ಲ ಸುರಿದು ಕೈತೊಳೆದುಕೊಳ್ಳುತ್ತಾರೆ. ಮರುದಿನದಿಂದಲೇ ಮನೆಯ ಹಿರಿಯರು ಶುರುಮಾಡುತ್ತಾರೆ: "ಏ ತಮ್ಮಾ, ಮಡಿವಾಳಪ್ಪನ ಪದ ಎಲ್ಲಿ ಅವ?" ಪರದೆಯ ತುಂಬ 'ಅನ್‌ನೋನ್ ಆರ್ಟಿಸ್ಟ್' ಅಂತ ಇರುತ್ತದೆ. ಒಂದು ವಾರ ಕಳೆದರೆ ಬೋರ್ಡ್‌ನ ಮೇಲೆ ಧೂಳು. ಅದಕ್ಕೇ ಬೋರ್ಡಿನ ವಿಷಯ ಬೇಗ ಮುಗಿಸಿ ಹಾಡಿನ ಫೈಲುಗಳ ಟ್ಯಾಗ್, ಅಂದರೆ ಅವುಗಳ ಒಳಗಿನ ಹೆಸರಿನ ಚೀಟಿಯ ಹತ್ತಿರ ಹೋಗೋಣ.

ಯಾವ ಬೋರ್ಡ್, ಯಾವ ಚಾರ್ಜರ್

ಪೈ 3 ಅಥವಾ ಪೈ 4 ಸಾಕು, ಸೆಕೆಂಡ್ ಹ್ಯಾಂಡ್ ಆದರೂ ಸರಿ. ಜಾಗ ಕಡಿಮೆ ಇದ್ದರೆ ಝೀರೋ 2 ಡಬ್ಲ್ಯು. ಹಾಡು ಕೇಳುವುದಕ್ಕೆ ಪೈ 5 ಕೊಳ್ಳಬೇಡಿ. ಅಷ್ಟು ಶಕ್ತಿ ಬೇಕಾಗಿಯೇ ಇಲ್ಲ. ಜೊತೆಗೆ ಅದರಲ್ಲಿ ಹೆಡ್‌ಫೋನ್ ಜ್ಯಾಕ್ ಕೂಡ ತೆಗೆದುಹಾಕಿದ್ದಾರೆ (ಝೀರೋ 2 ಡಬ್ಲ್ಯುನಲ್ಲೂ ಅದಿಲ್ಲ). ಬೋರ್ಡನ್ನು ಆನ್‌ಲೈನ್‌ನಲ್ಲಿ ತರಿಸಬೇಕಾಗಬಹುದು. ಆಂಪ್ಲಿಫೈಯರ್‌ಗೆ ಜೋಡಿಸುವ ಆರ್‌ಸಿಎ ವೈರ್, ಕಾರ್ಡ್ ರೀಡರ್‌ನಂಥವಕ್ಕೆ ಸೂಪರ್ ಮಾರ್ಕೆಟ್ ಕಡೆ ಒಂದು ಸುತ್ತು ಹಾಕಿದರೆ ಆಯಿತು.

ಚಾರ್ಜರ್ ವಿಷಯದಲ್ಲಿ ಮಾತ್ರ ಜಿಪುಣತನ ಬೇಡ. ಪೈ 4ಕ್ಕೆ 5 ವೋಲ್ಟ್, 3 ಆಂಪಿಯರ್ ಬೇಕು. ಪೈ 3ಕ್ಕೆ 2.5 ಆಂಪಿಯರ್. "ನನ್ನ ಮೊಬೈಲ್ ಚಾರ್ಜರ್ 67 ವ್ಯಾಟ್‌ದು, ಸಾಲಲ್ವಾ?" ಅಂತ ಕೇಳುತ್ತಾರೆ. ಸಾಲದೇ ಇರಬಹುದು. ಆ ದೊಡ್ಡ ಅಂಕಿ ಹೆಚ್ಚಿನ ವೋಲ್ಟೇಜಿನದು. ಚಾರ್ಜರ್ ಮೈಮೇಲೆ ಸಣ್ಣಕ್ಷರದಲ್ಲಿ 5 ವೋಲ್ಟ್‌ಗೆ ಎಷ್ಟು ಆಂಪಿಯರ್ ಅಂತ ಬರೆದಿರುತ್ತದೆ, ಅದನ್ನು ಓದಿ. ಎಷ್ಟೋ ಫಾಸ್ಟ್ ಚಾರ್ಜರ್‌ಗಳಲ್ಲಿ ಅದು ಬರೀ 2. ಕರೆಂಟ್ ಸಾಲದಿದ್ದರೆ ಹಾಡು ತಡವರಿಸುತ್ತದೆ, ಪೆನ್‌ಡ್ರೈವ್ ಇದ್ದಕ್ಕಿದ್ದಂತೆ ಕಾಣೆಯಾಗುತ್ತದೆ. ಜನ ಸಾಫ್ಟ್‌ವೇರನ್ನು ಬೈಯುತ್ತಾರೆ. ಟಿವಿಗೆ ಜೋಡಿಸಿ ನೋಡಿದಾಗ ಮೂಲೆಯಲ್ಲಿ ಹಳದಿ ಮಿಂಚಿನ ಗುರುತು ಕಂಡರೆ ತಪ್ಪು ಚಾರ್ಜರ್‌ದೇ ಅಥವಾ ತೆಳ್ಳನೆಯ ವೈರ್‌ದು.

ಮೆಮೊರಿ ಕಾರ್ಡ್ 16 ಜಿಬಿ ಇದ್ದರೆ ಧಾರಾಳ. ಹಾಡುಗಳು ಪೆನ್‌ಡ್ರೈವ್‌ನಲ್ಲೇ ಇರಲಿ. ತೀರಾ ಅಗ್ಗಕ್ಕೆ ಸಿಗುವ 512 ಜಿಬಿ ಕಾರ್ಡ್ ನಕಲಿ ಅಂತಲೇ ತಿಳಿಯಿರಿ. ಒಳಗಿರುವ ಜಾಗ ಬೇರೆ, ಹೇಳುವ ಜಾಗ ಬೇರೆ.

ಸಾಫ್ಟ್‌ವೇರ್ ಆಯ್ಕೆ

ಹೆಸರುವಾಸಿಯಾದವು ಮೂರು: ವಾಲ್ಯೂಮಿಯೋ, ಮೂಡ್ ಆಡಿಯೋ, ಪೈಕೋರ್‌ಪ್ಲೇಯರ್. ಮೊದಲ ಎರಡರ ಹೊಟ್ಟೆಯಲ್ಲಿ ಹಾಡು ನುಡಿಸುವುದು ಎಂಪಿಡಿ ಎಂಬ ಪ್ರೋಗ್ರಾಮ್. 2003ರಿಂದಲೂ ಇದೆ, ಗಟ್ಟಿ ಮಾಲು. ಅದು ಬೋರ್ಡ್‌ನಲ್ಲಿ ಕೂತು ಹಾಡು ನುಡಿಸುತ್ತಿರುತ್ತದೆ, ನಿಮ್ಮ ಮೊಬೈಲ್ ಬರೀ ರಿಮೋಟ್. ಮೊಬೈಲ್ ಹಿಡಿದು ಮಾರ್ಕೆಟ್‌ಗೆ ಹೋದರೂ ಮನೆಯಲ್ಲಿ ಹಾಡು ನಿಲ್ಲುವುದಿಲ್ಲ. ಬ್ಲೂಟೂತ್ ಸ್ಪೀಕರ್‌ಗಿಂತ ಇದು ಮೇಲು ಅನ್ನುವುದು ಇದಕ್ಕೇ.

ವಾಲ್ಯೂಮಿಯೋ ನೋಡಲು ಚೆಂದ. ಆದರೆ ಅದು ಖಾತೆ ತೆರೆ, ಲಾಗಿನ್ ಆಗು ಅನ್ನುತ್ತದೆ, ಕೆಲವು ಸೌಲಭ್ಯಕ್ಕೆ ದುಡ್ಡು ಕೇಳುತ್ತದೆ. ಪೈಕೋರ್‌ಪ್ಲೇಯರ್ ಕಾರ್ಡ್‌ನಲ್ಲಲ್ಲ, ಪೂರ್ತಿ ರ್‍ಯಾಮ್‌ನಲ್ಲೇ (ಬೋರ್ಡ್‌ನ ತಾತ್ಕಾಲಿಕ ಮೆಮೊರಿಯಲ್ಲೇ) ಓಡುತ್ತದೆ. ಹಾಗಾಗಿ ಕರೆಂಟ್ ಪಟಕ್ಕನೆ ಹೋದರೂ ಕಾರ್ಡ್ ಕೆಡುವ ಭಯ ಕಡಿಮೆ. ಆದರೆ ಅದರ ಸೆಟ್ಟಿಂಗ್ ಪುಟಗಳನ್ನು ನೋಡಿದರೆ ಹೊಸಬರು ಓಡಿಹೋಗುತ್ತಾರೆ. ನಾನು ಹೇಳುವುದು ಮೂಡ್. ಪೂರ್ತಿ ಉಚಿತ, ಖಾತೆ ಗೀತೆ ಏನೂ ಇಲ್ಲ. ಮನೆಯಲ್ಲಿ ಇನ್ವರ್ಟರ್ ಇಲ್ಲದೆ ದಿನಕ್ಕೆ ನಾಲ್ಕು ಸಲ ಕರೆಂಟ್ ಹೋಗುವ ಊರಾದರೆ ಮಾತ್ರ ಪೈಕೋರ್‌ಪ್ಲೇಯರ್ ಕಡೆ ನೋಡಿ.

ಕಾರ್ಡ್‌ಗೆ ಬರೆಯುವುದು

ಮೂಡ್ ಇಮೇಜನ್ನು, ಅಂದರೆ ಕಾರ್ಡ್‌ಗೆ ಬರೆಯುವ ಇಡೀ ಸಾಫ್ಟ್‌ವೇರ್ ಇರುವ ಫೈಲನ್ನು, ಅವರ ವೆಬ್‌ಸೈಟ್‌ನಿಂದಲೇ ಇಳಿಸಿಕೊಳ್ಳಿ. ರಾಸ್ಪ್‌ಬೆರಿ ಪೈ ಇಮೇಜರ್ ಎಂಬ ಪ್ರೋಗ್ರಾಮ್‌ನಲ್ಲಿ ಅದನ್ನು ಆರಿಸಿ. ಬರೆಯುವ ಮೊದಲು ಸೆಟ್ಟಿಂಗ್‌ಗೆ ಹೋಗಿ ಯೂಸರ್ ಹೆಸರು, ಪಾಸ್‌ವರ್ಡ್, ವೈಫೈ ಹೆಸರು, ದೇಶ ಇಂಡಿಯಾ ಅಂತ ತುಂಬಿ. ಪೈ 3ಬಿ, ಝೀರೋ 2 ಡಬ್ಲ್ಯು ಬೋರ್ಡ್‌ಗಳಿಗೆ 2.4 ಗಿಗಾಹರ್ಟ್ಸ್ ವೈಫೈ ಮಾತ್ರ ಕಾಣುತ್ತದೆ. ರೂಟರ್‌ನ 5ಜಿ ಹೆಸರು ಕೊಟ್ಟು ಕಾಯುತ್ತ ಕೂತರೆ ಸಂಜೆಯಾದರೂ ಸಿಗುವುದಿಲ್ಲ.

ಕಾರ್ಡನ್ನು ಬೋರ್ಡ್‌ಗೆ ಹಾಕಿ, ಕರೆಂಟ್ ಕೊಟ್ಟು ಕೆಲವು ನಿಮಿಷ ಬಿಡಿ. ಮೊಬೈಲ್ ಬ್ರೌಸರ್‌ನಲ್ಲಿ ಮೂಡ್ ಡಾಟ್ ಲೋಕಲ್ (moode.local) ಎಂಬ ವಿಳಾಸ ತೆರೆಯಿರಿ. ಹಳೆಯ ಆಂಡ್ರಾಯ್ಡ್ ಮೊಬೈಲ್‌ಗಳಲ್ಲಿ ಈ ವಿಳಾಸ ತೆರೆಯುವುದಿಲ್ಲ. ಆಗ ರೂಟರ್‌ನ ಪುಟದಲ್ಲಿ ಬೋರ್ಡ್‌ನ ಐಪಿ ವಿಳಾಸ (ಅಂಕಿಗಳಲ್ಲಿರುವ ವಿಳಾಸ) ಹುಡುಕಿ, ಅದು ಬದಲಾಗದಂತೆ ಅಲ್ಲೇ ಕಾಯ್ದಿರಿಸಿ, ಹಿರಿಯರ ಮೊಬೈಲ್‌ನ ಹೋಮ್ ಸ್ಕ್ರೀನ್‌ಗೆ ಹಾಕಿಕೊಡಿ.

ದನಿ ಎಲ್ಲಿಂದ ತೆಗೆಯುವುದು

ಪೈ 3, ಪೈ 4ರ ಸ್ವಂತ ಜ್ಯಾಕ್‌ನಲ್ಲಿ ಹಾಡು ಬರುತ್ತದೆ, ಅಷ್ಟೇ. ಕೊಂಚ ಗೊರಗೊರ, ಕೊಂಚ ಮಂಕು. ಒಂದು ಯುಎಸ್‌ಬಿ ಡ್ಯಾಕ್ (ಡಿಜಿಟಲ್ ಹಾಡನ್ನು ಆಂಪ್ಲಿಫೈಯರ್‌ಗೆ ಬೇಕಾದ ಸಿಗ್ನಲ್ ಮಾಡುವ ಸಾಧನ) ಹಾಕಿಕೊಳ್ಳಿ, ಮೂಡ್‌ನ ಆಡಿಯೋ ಸೆಟ್ಟಿಂಗ್‌ನಲ್ಲಿ ಅದನ್ನು ಆರಿಸಿ, ಆಯಿತು. ಪಿಸಿಎಂ 5102 ಎಂಬ ಚಿಪ್ ಇರುವ ಅಗ್ಗದ ನೇರಳೆ ಬೋರ್ಡ್ ಕೂಡ ಸಿಗುತ್ತದೆ. ಅದಕ್ಕೆ ಸೋಲ್ಡರಿಂಗ್ ಐರನ್ ಕೈಯಲ್ಲಿ ಹಿಡಿಯಲು ಬರಬೇಕು. ಅದರ ಎಸ್‌ಸಿಕೆ ಪಿನ್ನನ್ನು ಗ್ರೌಂಡ್‌ಗೆ ಸೇರಿಸದಿದ್ದರೆ, ಮ್ಯೂಟ್ ಪಿನ್ ಮೇಲಕ್ಕೆ ಎಳೆಯದಿದ್ದರೆ ಎಲ್ಲ ಸರಿಯಿದ್ದೂ ದನಿ ಮಾತ್ರ ಬರುವುದಿಲ್ಲ. ಬೆಸುಗೆ ಗೊತ್ತಿಲ್ಲದವರು ಅತ್ತ ತಿರುಗಿಯೂ ನೋಡಬೇಡಿ.

ಈಗ ಅಸಲಿ ಕೆಲಸ: ಟ್ಯಾಗ್

ಎಂಪಿಡಿ ನಿಮ್ಮ ಫೈಲಿನ ಹೆಸರು ನೋಡಿ ಹಾಡು ಜೋಡಿಸುವುದಿಲ್ಲ. ಪ್ರತಿ ಫೈಲಿನೊಳಗೆ ಹಾಡಿನ ಹೆಸರು, ಹಾಡಿದವರು, ಆಲ್ಬಮ್ ಅಂತ ಸಣ್ಣ ಚೀಟಿ ಇರುತ್ತದೆ. ಅದೇ ಟ್ಯಾಗ್. ಚೀಟಿ ಖಾಲಿಯಿದ್ದರೆ ಹಾಡು 'ಅನ್‌ನೋನ್' ರಾಶಿಗೆ ಬೀಳುತ್ತದೆ. ಕೆಲವದರಲ್ಲಿ ಹಾಡಿದವರ ಜಾಗದಲ್ಲಿ ಡೌನ್‌ಲೋಡ್ ಮಾಡಿದ ಸೈಟಿನ ಹೆಸರು ಇರುತ್ತದೆ. ನಮ್ಮ ಕಡೆ ತತ್ವಪದ, ಭಜನೆಗಳಂತೂ ವಾಟ್ಸಾಪ್‌ನಲ್ಲೇ ಜಾಸ್ತಿ ಓಡಾಡುವುದು. ಅವುಗಳ ಹೆಸರು ನೋಡಿ: ಎಯುಡಿ, ಆಮೇಲೆ ತಾರೀಖು, ಆಮೇಲೆ ಡಬ್ಲ್ಯುಎ ಮತ್ತು ಒಂದು ನಂಬರ್. ಆ ತಾರೀಖು ಹಾಡಿದ ದಿನದ್ದಲ್ಲ, ವಾಟ್ಸಾಪ್‌ನಲ್ಲಿ ಕೈ ಬದಲಿಸಿದ ದಿನದ್ದು. ಅದನ್ನು ವರ್ಷದ ಜಾಗದಲ್ಲಿ ತುಂಬಿ ಮುಂದಿನವರ ದಾರಿ ತಪ್ಪಿಸಬೇಡಿ.

ಕಂಪ್ಯೂಟರ್‌ನಲ್ಲಿ ಕಿಡ್3 ಎಂಬ ಓಪನ್ ಸೋರ್ಸ್ ಪ್ರೋಗ್ರಾಮ್ ಹಾಕಿಕೊಳ್ಳಿ. ಎಲ್ಲ ಹಾಡಿನ ಒಂದು ಪ್ರತಿ ಬೇರೆ ಕಡೆ ಇಟ್ಟುಕೊಂಡೇ ಶುರುಮಾಡಿ. ಎಂಪಿ3 ಫೈಲ್ ತೆರೆದಾಗ ಟ್ಯಾಗ್ 1, ಟ್ಯಾಗ್ 2 ಅಂತ ಎರಡು ಕಾಣುತ್ತವೆ. ಟ್ಯಾಗ್ 1 ಹಳೆಯ ಕಾಲದ್ದು, ಒಂದು ಹೆಸರಿಗೆ 30 ಅಕ್ಷರ ಮಾತ್ರ, ಕನ್ನಡಕ್ಕೆ ಅದರಲ್ಲಿ ಜಾಗವಿಲ್ಲ. ಅದನ್ನು ಅಳಿಸಿ, ಟ್ಯಾಗ್ 2ರಲ್ಲೇ ಬರೆಯಿರಿ. ಒಂದು ಫೋಲ್ಡರ್‌ನ ಎಲ್ಲ ಹಾಡು ಒಟ್ಟಿಗೆ ಆರಿಸಿ ಆಲ್ಬಮ್ ಹೆಸರನ್ನು ಒಮ್ಮೆ ಬರೆದರೆ ಎಲ್ಲಕ್ಕೂ ಹೋಗುತ್ತದೆ.

ಪಿಕಾರ್ಡ್ ಎಂಬ ಇನ್ನೊಂದು ಪ್ರೋಗ್ರಾಮ್ ಇದೆ. ಹಾಡಿನ ದನಿಯನ್ನೇ ಕೇಳಿ ಇಂಟರ್ನೆಟ್‌ನಿಂದ ಹೆಸರು ತಂದುಕೊಡುತ್ತದೆ. ಸಿನಿಮಾ ಹಾಡಿಗೆ ಪರವಾಗಿಲ್ಲ. ಮಠದ ಜಾತ್ರೆಯಲ್ಲಿ ರೆಕಾರ್ಡ್ ಮಾಡಿದ ಭಜನೆ ಅದಕ್ಕೆ ಹೇಗೆ ಗೊತ್ತಿರಬೇಕು? ಸುಮ್ನೆ 'ಸ್ಕ್ಯಾನ್' ಒತ್ತಿ 'ಸೇವ್' ಒತ್ತುವ ಅಭ್ಯಾಸ ಬಿಡಿ. ಇದ್ದ ಸರಿ ಹೆಸರೂ ಹೋಗುತ್ತದೆ.

ಯಾವ ಜಾಗದಲ್ಲಿ ಏನು ಬರೆಯಬೇಕು ಅನ್ನುವುದರಲ್ಲೇ ಹೆಚ್ಚಿನವರು ಎಡವುತ್ತಾರೆ. 'ಆರ್ಟಿಸ್ಟ್' ಎಂದರೆ ಹಾಡಿದವರು. 'ಕಂಪೋಸರ್' ಜಾಗದಲ್ಲಿ ಪದ ಬರೆದವರ ಹೆಸರು ಹಾಕಿ. ಕಡಕೋಳ ಮಡಿವಾಳಪ್ಪನವರ ತತ್ವಪದವನ್ನು ಹತ್ತು ಊರಿನ ಹತ್ತು ಮಂದಿ ಹಾಡಿರುತ್ತಾರೆ. ಹಿರಿಯರು ಹುಡುಕುವುದು ಮಡಿವಾಳಪ್ಪನವರನ್ನು, ಹಾಡಿದವರನ್ನಲ್ಲ. ವಚನಕ್ಕೂ ಇದೇ ಮಾತು. ಇನ್ನು 'ಆಲ್ಬಮ್ ಆರ್ಟಿಸ್ಟ್'. ಹಲವರು ಹಾಡಿದ ಒಂದೇ ಆಲ್ಬಮ್ ಇದ್ದರೆ ಈ ಜಾಗದಲ್ಲಿ ಎಲ್ಲ ಹಾಡಿಗೂ 'ಹಲವರು' ಅಂತ ಒಂದೇ ಹೆಸರು ಹಾಕಿ. ಖಾಲಿ ಬಿಟ್ಟರೆ ಒಂದು ಆಲ್ಬಮ್ ಎಂಟು ತುಂಡಾಗಿ ಎಂಟು ಕಡೆ ಕಾಣುತ್ತದೆ. 'ಜಾನ್ರ', ಅಂದರೆ ಹಾಡಿನ ಬಗೆ, ಎಂಬ ಜಾಗವನ್ನು ಮನೆಯವರ ಮಾತಿನಲ್ಲಿ ತುಂಬಿ: ವಚನ, ತತ್ವಪದ, ಭಜನೆ, ಶಾಸ್ತ್ರೀಯ, ಕವ್ವಾಲಿ, ಸಿನಿಮಾ. ಆರೇಳಕ್ಕಿಂತ ಜಾಸ್ತಿ ಬೇಡ.

ಹೆಸರು ಬರೆಯುವ ರೀತಿಯೂ ಒಂದೇ ಇರಬೇಕು. ಮಲ್ಲಿಕಾರ್ಜುನ ಮನಸೂರ, ಮಲ್ಲಿಕಾರ್ಜುನ ಮನ್ಸೂರ್, ಪಂ. ಮಲ್ಲಿಕಾರ್ಜುನ ಮನ್ಸೂರ. ನಮಗೆ ಒಬ್ಬರೇ, ಪ್ರೋಗ್ರಾಮ್‌ಗೆ ಮೂವರು. ಇಂಗ್ಲಿಷ್ ಅಕ್ಷರದಲ್ಲಿ ಬರೆದದ್ದು ಸೇರಿದರೆ ನಾಲ್ವರು. ಇದಾದರೂ ಕಣ್ಣಿಗೆ ಕಾಣುವ ತಪ್ಪು. ಕಾಣದ ತಪ್ಪು ಇನ್ನೊಂದಿದೆ. 'ಮನ್ಸೂರ್' ಎಂದು ಬರೆದಾಗ ಕೊನೆಯ ಅರ್ಧಾಕ್ಷರ ಆದ ಮೇಲೆ ಕೆಲವು ಕೀಬೋರ್ಡ್‌ಗಳು ಒಂದು ಅದೃಶ್ಯ ಗುರುತು ಸೇರಿಸುತ್ತವೆ. ಒತ್ತಕ್ಷರ ಆಗದಂತೆ ತಡೆಯುವ ಗುರುತು ಅದು. 'ಪೆನ್‌ಡ್ರೈವ್' ಎಂಬಲ್ಲಿ ಡ ಕೆಳಗಿಳಿಯದೆ ಪಕ್ಕದಲ್ಲಿ ನಿಂತಿರುವುದು ಅದರ ದೆಸೆಯಿಂದಲೇ. ಮೊಬೈಲ್‌ನಲ್ಲಿ ಬರೆದ ಮನ್ಸೂರ್‌ಗೆ ಆ ಗುರುತು ಇಲ್ಲದೆ, ಕಂಪ್ಯೂಟರ್‌ನಲ್ಲಿ ಬರೆದ ಮನ್ಸೂರ್‌ಗೆ ಇದ್ದರೆ, ಪರದೆಯ ಮೇಲೆ ಒಂದೇ ಹೆಸರು ಎರಡು ಸಲ ಕಾಣುತ್ತದೆ. ಎಷ್ಟು ದಿಟ್ಟಿಸಿದರೂ ವ್ಯತ್ಯಾಸ ಗೊತ್ತಾಗದು. ಹಾಗಾಗಿ ಹೆಸರನ್ನು ಪ್ರತಿ ಸಲ ಟೈಪ್ ಮಾಡಲೇಬೇಡಿ. ಹೆಸರುಗಳ ಪಟ್ಟಿಯನ್ನು ಒಂದು ಫೈಲಿನಲ್ಲಿ ಇಟ್ಟುಕೊಂಡು ಅಲ್ಲಿಂದಲೇ ಕಾಪಿ ಮಾಡಿ ಅಂಟಿಸಿ.

ಆ ಪಟ್ಟಿ ಯೂನಿಕೋಡ್‌ನಲ್ಲೇ (ಮೊಬೈಲ್‌ನಲ್ಲಿ ಕನ್ನಡ ಬರೆಯುವ ಕ್ರಮದಲ್ಲೇ) ಇರಲಿ. ಹಳೆಯ ನುಡಿ ಫಾಂಟ್‌ನಲ್ಲಿ ಬರೆದದ್ದನ್ನು ತಂದು ಅಂಟಿಸಿದರೆ ಕನ್ನಡದ ಬದಲು ತಲೆಬುಡವಿಲ್ಲದ ಇಂಗ್ಲಿಷ್ ಅಕ್ಷರ ಬರುತ್ತವೆ. ಕನ್ನಡದಲ್ಲಾ, ಇಂಗ್ಲಿಷ್‌ನಲ್ಲಾ ಎಂದರೆ ನಾನು ಕನ್ನಡವೇ ಅನ್ನುತ್ತೇನೆ. ಮನೆಯಲ್ಲಿ ಕವ್ವಾಲಿ ಕೇಳುವವರು ಉರ್ದು ಓದುವವರಾದರೆ ಅದನ್ನು ಉರ್ದು ಲಿಪಿಯಲ್ಲೇ ಬರೆಯಿರಿ. ಒಂದು ಹೆಸರಿಗೆ ಎರಡು ಲಿಪಿ ಆಗದಿದ್ದರೆ ಸಾಕು. ಫೈಲಿನ ಹೆಸರು ಮಾತ್ರ ಚಿಕ್ಕದಿರಲಿ. ಬೋರ್ಡ್‌ನಲ್ಲಿ ಓಡುವ ಲಿನಕ್ಸ್‌ನಲ್ಲಿ ಫೈಲಿನ ಹೆಸರಿಗೆ 255 ಬೈಟ್ ಮಿತಿ. ಕನ್ನಡದ ಒಂದೊಂದು ಅಕ್ಷರ, ಒಂದೊಂದು ಕಾಗುಣಿತದ ಗುರುತು 3 ಬೈಟ್ ತಿನ್ನುತ್ತದೆ. ವಚನದ ಮೊದಲ ಸಾಲನ್ನೇ ಫೈಲಿನ ಹೆಸರು ಮಾಡುವವರು ಇಲ್ಲಿ ಸಿಕ್ಕಿಬೀಳುತ್ತಾರೆ. ಉದ್ದ ಹೆಸರು ಟ್ಯಾಗ್‌ನಲ್ಲಿ ಇರಲಿ.

ಇಷ್ಟೆಲ್ಲ ತಿದ್ದಿದ ಮೇಲೂ ಪರದೆಯಲ್ಲಿ ಹಳೆಯ ಹೆಸರೇ ಕಂಡರೆ ಗಾಬರಿಯಾಗಬೇಡಿ. ಎಂಪಿಡಿ ಫೈಲಿನ ತಾರೀಖು ಬದಲಾಗಿದ್ದರೆ ಮಾತ್ರ ಮತ್ತೆ ಓದುತ್ತದೆ. ಟ್ಯಾಗ್ ತಿದ್ದುವ ಪ್ರೋಗ್ರಾಮ್‌ನಲ್ಲಿ ಹಳೆಯ ತಾರೀಖನ್ನೇ ಉಳಿಸುವ ಆಯ್ಕೆ ಆನ್ ಆಗಿದ್ದರೆ ಅದಕ್ಕೆ ಬದಲಾವಣೆ ಗೊತ್ತೇ ಆಗುವುದಿಲ್ಲ. ಲೈಬ್ರರಿ ಸೆಟ್ಟಿಂಗ್‌ನಲ್ಲಿ 'ಅಪ್‌ಡೇಟ್' ಬಿಟ್ಟು 'ರೀಜನರೇಟ್' ಒತ್ತಿ. ಎಲ್ಲವನ್ನೂ ಮೊದಲಿನಿಂದ ಓದುತ್ತದೆ. ಸಾವಿರಾರು ಹಾಡಿದ್ದರೆ ಅಷ್ಟರಲ್ಲಿ ಒಂದು ಚಹಾ ಕುಡಿದು ಬರಬಹುದು.

ಮೊಬೈಲ್‌ನಲ್ಲಿ ಕನ್ನಡ ಸರಿಯಾಗಿ ಕಾಣುತ್ತದೆ, ಫಾಂಟ್ ಮೊಬೈಲ್‌ನದೇ ಆದ್ದರಿಂದ. ಬೋರ್ಡ್‌ಗೇ ಸಣ್ಣ ಪರದೆ ಜೋಡಿಸುವವರು ಬೋರ್ಡ್‌ನಲ್ಲೂ ಕನ್ನಡ ಫಾಂಟ್ ಹಾಕಬೇಕು, ಇಲ್ಲದಿದ್ದರೆ ಬರೀ ಚೌಕ.

ಕರೆಂಟ್ ಮತ್ತು ಬಿಸಿಲು

ಸ್ವಿಚ್ ಆಫ್ ಮಾಡುವ ಮೊದಲು ಮೆನುವಿನಲ್ಲಿ 'ಶಟ್‌ಡೌನ್' ಒತ್ತಿ, ಹಸಿರು ದೀಪ ಮಿನುಗುವುದು ನಿಂತ ಮೇಲೆ ಪ್ಲಗ್ ಕೀಳಬೇಕು. ಮನೆಯ ಎಲ್ಲರಿಗೂ ಇದನ್ನು ಕಲಿಸಿ. ಆಗದ ಮಾತು ಅನ್ನಿಸಿದರೆ ಬೋರ್ಡನ್ನು ಆಫ್ ಮಾಡುವುದೇ ಬೇಡ, ಆಂಪ್ಲಿಫೈಯರ್ ಒಂದನ್ನೇ ಆಫ್ ಮಾಡಲಿ. ಬೋರ್ಡ್ ತಿನ್ನುವ ಕರೆಂಟ್ ಅಷ್ಟಕ್ಕಷ್ಟೇ.

ಇನ್ವರ್ಟರ್ ಲೈನ್ ಇದ್ದರೆ ಅದಕ್ಕೇ ಹಾಕಿ. ರೂಟರ್‌ಗೆಂದು ಮಾರುವ ಸಣ್ಣ ಯುಪಿಎಸ್ ಕೊಳ್ಳುವವರು 5 ವೋಲ್ಟ್‌ನ ಯುಎಸ್‌ಬಿ ಇದೆಯೇ, ಅದು ಎಷ್ಟು ಆಂಪಿಯರ್ ಕೊಡುತ್ತದೆ ಅಂತ ನೋಡಿಕೊಳ್ಳಿ. ಅದರ 12 ವೋಲ್ಟ್ ವೈರನ್ನು ಪಿನ್ ಬದಲಿಸಿ ಚುಚ್ಚಿದರೆ ಬೋರ್ಡ್ ಸುಟ್ಟಂತೆ. ಪವರ್ ಬ್ಯಾಂಕ್ ನಂಬಬೇಡಿ. ಕರೆಂಟ್ ಹೋದಾಗ, ಬಂದಾಗ ಹೆಚ್ಚಿನವು ಒಂದು ಕ್ಷಣ ಔಟ್‌ಪುಟ್ ಕಡಿಯುತ್ತವೆ. ಬೋರ್ಡ್ ರೀಸ್ಟಾರ್ಟ್ ಆಗಲು ಅಷ್ಟು ಸಾಕು.

ಏಪ್ರಿಲ್, ಮೇ ತಿಂಗಳಲ್ಲಿ ನಮ್ಮಲ್ಲಿ 40 ಡಿಗ್ರಿ ದಾಟುವುದು ಹೊಸದಲ್ಲ. ಚಿಪ್ 80 ಡಿಗ್ರಿ ತಲುಪಿದರೆ ತಾನೇ ವೇಗ ತಗ್ಗಿಸಿಕೊಳ್ಳುತ್ತದೆ. ಹಾಡು ನುಡಿಸುವಷ್ಟಕ್ಕೆ ಅಲ್ಲಿಯವರೆಗೆ ಹೋಗುವುದಿಲ್ಲ. ಆದರೆ ಪ್ಲಾಸ್ಟಿಕ್ ಡಬ್ಬಿಯಲ್ಲಿ ಮುಚ್ಚಿ, ಗಾಜಿನ ಶೋಕೇಸ್‌ನೊಳಗೆ, ಬಿಸಿ ಆಂಪ್ಲಿಫೈಯರ್ ತಲೆಯ ಮೇಲೆ ಇಟ್ಟರೆ ಹೋದೀತು. ಲೋಹದ ಕೇಸ್ ತೆಗೆದುಕೊಂಡು ಗಾಳಿಯಾಡುವ ಕಡೆ ಇಡಿ. ಫ್ಯಾನ್ ಬೇಡ, ಅದರ ಸದ್ದು ಮೆಲ್ಲನೆಯ ಆಲಾಪದ ನಡುವೆ ಕೇಳುತ್ತದೆ.

ಎಲ್ಲ ಸರಿಯಾದ ಮೇಲೆ ಮೂಡ್‌ನ ಸೆಟ್ಟಿಂಗ್ ಬ್ಯಾಕಪ್ ಇಳಿಸಿಕೊಂಡು, ಇನ್ನೊಂದು ಕಾರ್ಡ್‌ಗೂ ಸಾಫ್ಟ್‌ವೇರ್ ಬರೆದಿಡಿ. ಟ್ಯಾಗ್ ತಿದ್ದಿದ ಹಾಡುಗಳ ಇನ್ನೊಂದು ಪ್ರತಿಯನ್ನು ಬೇರೆ ಪೆನ್‌ಡ್ರೈವ್‌ಗೆ ಹಾಕಿ. ಕಾರ್ಡ್ ಕೆಟ್ಟರೆ ಅರ್ಧ ಗಂಟೆಯಲ್ಲಿ ಮತ್ತೆ ಮಾಡಬಹುದು, ಟ್ಯಾಗ್ ಹಾಗಲ್ಲ.