ಮುಖಕ್ಕೆ ಫಿಲ್ಲರ್ ಹಾಕಿಸಿಕೊಳ್ಳುವ ಮೊದಲು ಮತ್ತು ಹಾಕಿಸಿಕೊಂಡ ಮೇಲೆ

ಲಗ್ನದ ಹಂಗಾಮು ಬಂತೆಂದರೆ, ಮುಹೂರ್ತಕ್ಕೆ ಇನ್ನು ಹತ್ತು ದಿನ ಇರುವಾಗ ಬಂದು ತುಟಿಗೋ ಕೆನ್ನೆಗೋ ಫಿಲ್ಲರ್, ಅಂದರೆ ಚರ್ಮದಡಿ ಚುಚ್ಚಿ ತುಂಬುವ ಜೆಲ್, ಹಾಕಿಕೊಡಿ ಎಂದು ಕೇಳುವವರನ್ನು, ದಾವಣಗೆರೆಯ ಚರ್ಮ ಚಿಕಿತ್ಸಾಲಯವೊಂದರಲ್ಲಿ ನರ್ಸ್ ಆಗಿರುವ ನಾನು ಪ್ರತಿ ವರ್ಷವೂ ನೋಡುತ್ತೇನೆ. ಅವರೊಡನೆ ಮೊದಲು ಮಾತಾಡಬೇಕಾದದ್ದು ದಿನದ ಲೆಕ್ಕ. ಚುಚ್ಚಿದ ಜಾಗದ ಬಾವು ಮೊದಲ ಎರಡು ಮೂರು ದಿನ ಏರಿ, ಪೂರ್ತಿ ಇಳಿಯಲು ಒಂದರಿಂದ ಎರಡು ವಾರ ಹಿಡಿಯುತ್ತದೆ. ರಕ್ತ ಕಂದಿದ ಗುರುತು ಹತ್ತು ದಿನದವರೆಗೂ ಉಳಿಯಬಹುದು. ಎರಡು ಬದಿ ಸಮವಾಗಿ ಕೂತಿದೆಯೇ ಎಂದು ವೈದ್ಯರು ನೋಡುವುದು ಎರಡು ವಾರ ಕಳೆದ ಮೇಲೆ. ಆದ್ದರಿಂದ ಕಾರ್ಯಕ್ಕೆ ಕನಿಷ್ಠ 4 ವಾರ, ಸಾಧ್ಯವಾದರೆ 6 ವಾರ ಮುಂಚೆಯೇ ಬರಬೇಕು. ಆ ಲೆಕ್ಕವನ್ನು ಮುಹೂರ್ತದಿಂದಲ್ಲ, ಅರಿಶಿನ ಶಾಸ್ತ್ರದ ದಿನದಿಂದ ಹಿಡಿಯಿರಿ, ಏಕೆಂದರೆ ಮುಖವನ್ನು ಹತ್ತು ಕೈಗಳು ತಿಕ್ಕುವುದು ಅಂದೇ.

ಫಿಲ್ಲರ್ ಮತ್ತು ಬೊಟಾಕ್ಸ್ ಒಂದೇ ಎಂದು ಅನೇಕರು ತಿಳಿದಿದ್ದಾರೆ. ಬೊಟಾಕ್ಸ್ ಸ್ನಾಯುವನ್ನು ಸಡಿಲಗೊಳಿಸುತ್ತದೆ. ಫಿಲ್ಲರ್ ಎಂಬುದು ಬತ್ತಿದ ಜಾಗವನ್ನು ತುಂಬುವ ಜೆಲ್. ಹೆಚ್ಚಾಗಿ ಬಳಕೆಯಲ್ಲಿರುವುದು ಹಯಲುರಾನಿಕ್ ಆಮ್ಲದ ಜೆಲ್, ಅದು ನಮ್ಮ ಚರ್ಮದಲ್ಲಿ ಸಹಜವಾಗಿಯೇ ಇರುವ ಪದಾರ್ಥ. ಜಾಗವನ್ನೂ ಜೆಲ್‌ನ ಬಗೆಯನ್ನೂ ಅನುಸರಿಸಿ ಅದು ಸುಮಾರು 6ರಿಂದ 18 ತಿಂಗಳು ಉಳಿದು ಕ್ರಮೇಣ ಕರಗುತ್ತದೆ. ತೊಂದರೆಯಾದರೆ ಅದನ್ನು ಹಯಲುರಾನಿಡೇಸ್ ಎಂಬ ಔಷಧಿ ಚುಚ್ಚಿ ಬೇಗನೆ ಕರಗಿಸಲೂಬಹುದು. ಎಲ್ಲ ಫಿಲ್ಲರ್‌ಗಳನ್ನೂ ಹೀಗೆ ಕರಗಿಸಲು ಬರುವುದಿಲ್ಲ. ಮೊದಲ ಸಲ ಹಾಕಿಸಿಕೊಳ್ಳುವವರು ಕರಗಿಸಬಲ್ಲದ್ದನ್ನೇ ಆರಿಸಿಕೊಳ್ಳುವುದು ಒಳ್ಳೆಯದು ಎಂಬುದು ನನ್ನ ದೃಢವಾದ ಅಭಿಪ್ರಾಯ.

ವೈದ್ಯರನ್ನು ಭೇಟಿಯಾದಾಗ ದರಕ್ಕಿಂತ ಮುಂಚೆ ಕೇಳಬೇಕಾದ ಪ್ರಶ್ನೆ, ಕರಗಿಸುವ ಔಷಧಿ ಈಗ ಇಲ್ಲಿಯೇ ಇದೆಯೇ ಎಂಬುದು. ಔಷಧಿ ಬೆಂಗಳೂರಿನಿಂದ ತರಿಸಬೇಕು ಎಂಬ ಉತ್ತರ ಬಂದರೆ ಅಲ್ಲಿ ಹಾಕಿಸಿಕೊಳ್ಳಬೇಡಿ. ಚುಚ್ಚುವವರು ತರಬೇತಾದ ಚರ್ಮರೋಗ ತಜ್ಞರೋ ಪ್ಲಾಸ್ಟಿಕ್ ಸರ್ಜನ್ನರೋ ಆಗಿರಬೇಕು, ಅವರ ವೈದ್ಯಕೀಯ ಪರಿಷತ್ತಿನ ನೋಂದಣಿ ಸಂಖ್ಯೆ ಚೀಟಿಯ ಮೇಲೆ ಇರಬೇಕು. ಬ್ಯೂಟಿ ಪಾರ್ಲರಿನಲ್ಲಾಗಲಿ, ಆನ್‌ಲೈನ್‌ನಲ್ಲಿ ತರಿಸಿದ ಸೂಜಿಯಿಲ್ಲದ ಪೆನ್ನಿನಿಂದಾಗಲಿ ಫಿಲ್ಲರ್ ಹಾಕಿಸಿಕೊಳ್ಳಲೇಬಾರದು.

ನಿಮ್ಮ ಆರೋಗ್ಯದ ಸಂಗತಿಗಳನ್ನು ಮುಚ್ಚಿಡದೆ ಹೇಳಿ. ಗರ್ಭಿಣಿಯರಿಗೂ ಹಾಲುಣಿಸುವ ತಾಯಂದಿರಿಗೂ ಇದನ್ನು ಮಾಡುವುದಿಲ್ಲ. ಮುಖದಲ್ಲಿ ಕೀವು ತುಂಬಿದ ಮೊಡವೆ ಅಥವಾ ಸೋಂಕು ಇದ್ದರೆ ವಾಸಿಯಾಗುವವರೆಗೆ ಮುಂದೂಡಬೇಕು. ತುಟಿಯ ಸುತ್ತ ಆಗಾಗ ನೀರ್ಗುಳ್ಳೆ ಏಳುವ ಅಭ್ಯಾಸವಿದ್ದವರಿಗೆ ವೈದ್ಯರು ಮುಂಚಿತವಾಗಿಯೇ ಮಾತ್ರೆ ಕೊಡುತ್ತಾರೆ. ಹಲ್ಲು ಕೀಳಿಸುವುದು, ಸ್ವಚ್ಛಗೊಳಿಸುವುದು, ಲಸಿಕೆ ಹಾಕಿಸಿಕೊಳ್ಳುವುದು ಇವುಗಳಿಗೂ ಫಿಲ್ಲರಿಗೂ ನಡುವೆ, ಹಿಂದೆಯೂ ಮುಂದೆಯೂ, ಎರಡು ವಾರದ ಅಂತರವಿರಲಿ. ಇಬುಪ್ರೊಫೆನ್‌ನಂತಹ ನೋವಿನ ಮಾತ್ರೆ, ಮೀನೆಣ್ಣೆ, ವಿಟಮಿನ್ ಇ ಕ್ಯಾಪ್ಸೂಲುಗಳು ರಕ್ತ ಕಂದುವುದನ್ನು ಹೆಚ್ಚಿಸುವುದರಿಂದ ಒಂದು ವಾರ ಮುಂಚೆ ನಿಲ್ಲಿಸುವುದು ರೂಢಿ. ಆದರೆ ಹೃದಯಕ್ಕೋ ಪಾರ್ಶ್ವವಾಯುವಿಗೋ ಆಸ್ಪಿರಿನ್ ಅಥವಾ ರಕ್ತ ತೆಳುವಾಗಿಸುವ ಮಾತ್ರೆ ಸೇವಿಸುತ್ತಿರುವವರು, ಅದನ್ನು ಬರೆದುಕೊಟ್ಟ ವೈದ್ಯರ ಒಪ್ಪಿಗೆಯಿಲ್ಲದೆ ಒಂದು ಹೊತ್ತೂ ತಪ್ಪಿಸಬಾರದು.

ಅಂದು ಬೆಳಗಿನ ಹೊತ್ತೇ ಬನ್ನಿ, ಖಾಲಿ ಹೊಟ್ಟೆಯಲ್ಲಿ ಬರಬೇಡಿ. ದಾವಣಗೆರೆಯಲ್ಲಿ ಎಲ್ಲರೂ ದ್ವಿಚಕ್ರ ವಾಹನದಲ್ಲೇ ಓಡಾಡುವವರು. ಮುಖ ಪೂರ್ತಿ ಮುಚ್ಚುವ ಹೆಲ್ಮೆಟ್ ಕೆನ್ನೆಯನ್ನು ಒತ್ತುವುದರಿಂದ, ಮತ್ತು ಹೆಲ್ಮೆಟ್ ಇಲ್ಲದೆ ಗಾಡಿ ಓಡಿಸುವುದು ಸರ್ವಥಾ ಸಲ್ಲದ್ದರಿಂದ, ಆಟೋದಲ್ಲಿ ಬರುವುದೇ ಲೇಸು. ಮರಗಟ್ಟಿಸುವ ಕ್ರೀಮು ಹಚ್ಚಿ ಅರ್ಧ ಗಂಟೆಗೂ ಹೆಚ್ಚು ಕೂರಿಸುತ್ತೇವೆ. ಸಿರಿಂಜಿನ ಪೊಟ್ಟಣವನ್ನು ನಿಮ್ಮ ಕಣ್ಣೆದುರೇ ಒಡೆಯಬೇಕು. ಅದರೊಳಗಿನ ಬ್ಯಾಚ್ ಸಂಖ್ಯೆಯ ಸ್ಟಿಕರ್ ಒಂದನ್ನು ನಿಮ್ಮ ಚೀಟಿಗೆ ಅಂಟಿಸಿಕೊಡಿ ಎಂದು ಕೇಳಿ ಪಡೆಯಿರಿ.

ಚುಚ್ಚಿದ ಮೇಲೆ ಒಂದು ಗಂಟೆಯಾದರೂ ಅಲ್ಲಿಯೇ ಕೂತಿರಿ. ಜಗಳೂರು, ಚಳ್ಳಕೆರೆ, ಹಿರಿಯೂರಿನ ಕಡೆಯಿಂದ ಬಂದವರು ಕೂಡಲೇ ಬಸ್ಸು ಹಿಡಿಯಲು ಅವಸರಪಡುತ್ತಾರೆ, ಆದರೆ ಅಂದಿನ ರಾತ್ರಿ ನೆಂಟರ ಮನೆಯಲ್ಲಾದರೂ ಊರಲ್ಲೇ ಉಳಿಯಿರಿ ಎಂದು ನಾನು ಒತ್ತಾಯಿಸುತ್ತೇನೆ. ತುಟಿಯ ಮರಗಟ್ಟು ಬಿಡುವವರೆಗೆ ಬಿಸಿ ಕಾಫಿ ಬೇಡ, ಸುಟ್ಟದ್ದೂ ತಿಳಿಯುವುದಿಲ್ಲ. ಮಂಡಕ್ಕಿ ಮಿರ್ಚಿ ಮರುದಿನಕ್ಕಿರಲಿ. ಬಾವಿಗೆ ಬಟ್ಟೆಯಲ್ಲಿ ಸುತ್ತಿದ ಐಸನ್ನು ಹತ್ತು ನಿಮಿಷ ಮೆಲ್ಲಗೆ ಇಡಬಹುದು, ನೋವಿಗೆ ಪ್ಯಾರಾಸಿಟಮಾಲ್ ಸಾಕು. ಎರಡು ಮೂರು ರಾತ್ರಿ ಎರಡು ದಿಂಬಿಟ್ಟು ಅಂಗಾತ ಮಲಗಿ. ಗಂಟು ಕೈಗೆ ಸಿಕ್ಕಿತೆಂದು ನೀವೇ ಒತ್ತಿ ತಿಕ್ಕಬೇಡಿ. ಮೇಕಪ್ಪು ಮರುದಿನದವರೆಗೆ ಬೇಡ. ಜಿಮ್ಮು, ಎಣ್ಣೆ ಹಚ್ಚಿ ಸುಡುನೀರಿನ ಸ್ನಾನ, ಮದ್ಯ ಇವು ಎರಡು ದಿನ ದೂರವಿರಲಿ. ಏಪ್ರಿಲ್ ತಿಂಗಳ ಬಿಸಿಲಿನಲ್ಲಿ ಚಿತ್ರದುರ್ಗದ ಕೋಟೆ ಹತ್ತುವುದನ್ನೂ, ಫೇಶಿಯಲ್ ಮಾಡಿಸುವುದನ್ನೂ ಎರಡು ವಾರ ಮುಂದೂಡಿ.

ಈಗ ಹೇಳುವುದನ್ನು ಮನೆಯವರಿಗೂ ಓದಿ ಹೇಳಿ. ಜೆಲ್ ರಕ್ತನಾಳದೊಳಗೆ ಹೋದರೆ, ಅಥವಾ ಜೆಲ್ಲೇ ಹೊರಗಿನಿಂದ ರಕ್ತನಾಳವನ್ನು ಒತ್ತಿದರೆ, ಆ ಭಾಗಕ್ಕೆ ರಕ್ತ ಹರಿಯುವುದು ನಿಲ್ಲುತ್ತದೆ. ಬಾವಿಗೆ ಮೀರಿದ ನೋವು, ಚರ್ಮ ಬಿಳಿಚಿಕೊಳ್ಳುವುದು, ಬಲೆ ಹೆಣೆದಂತೆ ನೀಲಿ-ಕೆಂಪು ಗೆರೆ ಮೂಡುವುದು, ಮುಟ್ಟಿದರೆ ತಣ್ಣಗಿರುವುದು ಅದರ ಸೂಚನೆಗಳು. ಸಂಶಯ ಬಂದಾಗ ಬೆರಳಿನಿಂದ ಆ ಜಾಗವನ್ನು ಒತ್ತಿ ಬಿಡಿ. ಬಿಳಿಯಾದ ಚರ್ಮಕ್ಕೆ ಒಂದೆರಡು ಸೆಕೆಂಡಿನಲ್ಲಿ ಬಣ್ಣ ಮರಳಬೇಕು. ಮುಖದ ಇನ್ನೊಂದು ಬದಿಯನ್ನೂ ಹಾಗೆಯೇ ಒತ್ತಿ ಹೋಲಿಸಿ ನೋಡಿ. ಬಣ್ಣ ತಡವಾಗಿ ಮರಳಿದರೆ ಐಸು ತೆಗೆದು, ರಾತ್ರಿಯಾಗಿದ್ದರೂ ವೈದ್ಯರಿಗೆ ಫೋನ್ ಮಾಡಿ ಹೊರಡಿ; ಬಣ್ಣ ಸರಿಯಾಗಿದ್ದರೂ ನೋವು ಏರುತ್ತಲೇ ಇದ್ದರೆ ಆಗಲೂ ಹೊರಡಿ. ಒಮ್ಮೆ ಪಾರ್ಲರಿನಲ್ಲಿ ಹಾಕಿಸಿಕೊಂಡ ತಾಯಿಯೊಬ್ಬರು, ಇದು ಬರೀ ರಕ್ತ ಕಂದಿದ್ದು ಎಂದು ಯಾರೋ ಹೇಳಿದ ಮಾತು ನಂಬಿ ಎರಡು ದಿನ ಐಸು ಇಟ್ಟು, ಮೂರನೆಯ ದಿನ ನಮ್ಮಲ್ಲಿಗೆ ಬಂದರು. ಅವರ ಮೇಲ್ತುಟಿಯಿಂದ ಮೂಗಿನ ಹೊಳ್ಳೆಯವರೆಗೆ ಚರ್ಮ ನೇರಳೆಗಟ್ಟಿ, ಅಂಚಿನಲ್ಲಿ ಸಣ್ಣ ಬಿಳಿ ಗುಳ್ಳೆಗಳೆದ್ದಿದ್ದವು. ಕರಗಿಸುವ ಔಷಧಿಯನ್ನು ಮತ್ತೆ ಮತ್ತೆ ಚುಚ್ಚಿ ವೈದ್ಯರು ತುಟಿಯನ್ನು ಉಳಿಸಿದರು. ಹೊಳ್ಳೆಯ ಮಗ್ಗುಲಿನ ಕಲೆ ಹೋಗಲಿಲ್ಲ. ಮೊದಲ ಸಂಜೆಯೇ ಬಂದಿದ್ದರೆ ಎಂಬ ಸಂಕಟ ನನ್ನನ್ನು ಇಂದಿಗೂ ಬಿಟ್ಟಿಲ್ಲ.

ಚುಚ್ಚುವಾಗಲೇ ಆಗಲಿ, ಆಮೇಲೆ ಆಗಲಿ, ಕಣ್ಣು ಮಂಜಾದರೆ, ಎರಡೆರಡು ಕಂಡರೆ, ಮಾತು ತೊದಲಿದರೆ ನಿಮಿಷವೂ ಕಾಯದೆ ನೇತ್ರ ತಜ್ಞರಿರುವ ದೊಡ್ಡ ಆಸ್ಪತ್ರೆಗೆ ಹೋಗಬೇಕು. ಮೂಗಿನಲ್ಲೂ ಎರಡು ಹುಬ್ಬುಗಳ ನಡುವಿನ ಜಾಗದಲ್ಲೂ ಈ ಅಪಾಯ ಹೆಚ್ಚು. ಮೊದಲ ಸಲಕ್ಕೆ ಆ ಜಾಗಗಳನ್ನು ಬಿಟ್ಟುಬಿಡಿ ಎಂದೇ ನಾನು ಹೇಳುವುದು.

ಬಾವು ಇಳಿದು ಎಲ್ಲವೂ ಸರಿಯಾದ ವಾರಗಳ ಅಥವಾ ತಿಂಗಳುಗಳ ನಂತರವೂ, ಕೆಲವೊಮ್ಮೆ ಜ್ವರವೋ ಹಲ್ಲಿನ ಸೋಂಕೋ ಬಂದು ಹೋದ ಮೇಲೆ, ಫಿಲ್ಲರ್ ಇರುವ ಜಾಗ ಗಟ್ಟಿಯಾಗಿ ಕೆಂಪಾಗಿ ಊದುವುದುಂಟು. ಆಗ ಬೇರೆ ಊರಿನ ವೈದ್ಯರೇ ನೋಡಬೇಕಾಗಿ ಬಂದರೂ, ಒಳಗಿರುವ ಜೆಲ್ ಯಾವುದೆಂದು ತಿಳಿಯಲು ಆ ಸ್ಟಿಕರ್ ಅಂಟಿಸಿದ ಚೀಟಿ ಬೇಕಾಗುತ್ತದೆ. ಅದರ ಫೋಟೋ ಒಂದನ್ನು ಮೊಬೈಲಿನಲ್ಲೂ ಇಟ್ಟುಕೊಂಡಿರಿ.