ಹಗುರವಾದ ವೆಬ್ ಫ್ರೇಮ್‌ವರ್ಕ್ ರೂಪಿಸುವುದು ಹೇಗೆ?

ಕೋಡ್‌ನ ಸಾಲುಗಳು ಕಡಿಮೆ ಇರುವ ವೆಬ್ ಫ್ರೇಮ್‌ವರ್ಕ್‌ಗಳನ್ನೆಲ್ಲ (ವೆಬ್ ಆ್ಯಪ್ ಕಟ್ಟಲು ನೆರವಾಗುವ ಸಿದ್ಧ ಕೋಡ್‌ನ ಚೌಕಟ್ಟುಗಳನ್ನು) ಹಗುರ ಎಂದು ಕರೆಯುವ ರೂಢಿಯಿದೆ. ಆದರೆ 2007ರ ಸಿನಾಟ್ರಾ, 2010ರ ಫ್ಲಾಸ್ಕ್ ಮತ್ತು ಎಕ್ಸ್‌ಪ್ರೆಸ್‌ಗಳನ್ನು ಬಳಸಿದವರಿಗೆ ಗೊತ್ತಿರುವಂತೆ, ಅವುಗಳ ನಿಜವಾದ ಗುಣವಿರುವುದು ತೀರ್ಮಾನದ ಹಕ್ಕನ್ನು ಬಿಟ್ಟುಕೊಡುವುದರಲ್ಲಿ: ಯಾವ ಡೇಟಾಬೇಸ್, ಯಾವ ಬಗೆಯ ಲಾಗಿನ್, ಕಡತಗಳ ಜೋಡಣೆ ಹೇಗೆ ಎಂಬುದನ್ನು ಅವು ಆ್ಯಪ್ ಬರೆಯುವವರಿಗೇ ಬಿಡುತ್ತವೆ. ಅಂಥದ್ದೊಂದನ್ನು ಸ್ವತಃ ರೂಪಿಸಲು ಹೊರಟವರು ಕೆಲಸವನ್ನು ಯಾವ ಕ್ರಮದಲ್ಲಿ ಕೈಗೆತ್ತಿಕೊಳ್ಳಬೇಕು ಎಂಬುದನ್ನು ಇಲ್ಲಿ ನೋಡೋಣ.

ಮೊದಲು ತಿರುಳನ್ನು ಗುರುತಿಸಿಕೊಳ್ಳಿ. ಬ್ರೌಸರ್‌ನಿಂದ ಕೋರಿಕೆ ಬರುತ್ತದೆ. ಅದರ ವಿಳಾಸವನ್ನೂ ವಿಧಾನವನ್ನೂ (ಪುಟ ಕೇಳುತ್ತಿದೆಯೋ, ಮಾಹಿತಿ ಸಲ್ಲಿಸುತ್ತಿದೆಯೋ ಎಂಬುದನ್ನು) ನೋಡಿ ಸರಿಯಾದ ಫಂಕ್ಷನ್ ಅನ್ನು ಕರೆಯಬೇಕು. ಅದು ಕೊಟ್ಟದ್ದನ್ನು ಉತ್ತರವಾಗಿ ಕಳುಹಿಸಬೇಕು. ಇಷ್ಟೇ. ಇನ್ನೇನನ್ನಾದರೂ ಸೇರಿಸುವ ಮನಸ್ಸಾದಾಗ, ಅದು ಎಲ್ಲ ಆ್ಯಪ್‌ಗಳಿಗೂ ಬೇಕೆ, ಬೇಕಿದ್ದರೂ ಎಲ್ಲಕ್ಕೂ ಒಂದೇ ರೀತಿಯಲ್ಲಿ ಬೇಕೆ ಎಂದು ಕೇಳಿಕೊಳ್ಳಿ. ಎರಡಕ್ಕೂ ಹೌದು ಎನ್ನಲಾಗದಿದ್ದರೆ ಅದನ್ನು ತಿರುಳಿನ ಹೊರಗಿಡಿ.

ಎರಡನೆಯದಾಗಿ, ಸರ್ವರ್ ಜೊತೆಗಿನ ಒಪ್ಪಂದವನ್ನು ಹೊಸದಾಗಿ ಕಂಡುಹಿಡಿಯಲು ಹೋಗಬೇಡಿ. ಪೈಥಾನ್ ಭಾಷೆಗಾಗಿ 2003ರಲ್ಲಿ ಬರೆಯಲಾದ ಡಬ್ಲ್ಯುಎಸ್‌ಜಿಐ ಎಂಬ ಒಪ್ಪಂದದ ಪ್ರಕಾರ, ಆ್ಯಪ್ ಎನ್ನುವುದು ಕೋರಿಕೆಯ ವಿವರಗಳನ್ನು ಹೆಸರು-ಬೆಲೆ ಜೋಡಿಗಳಾಗಿ ಹಿಡಿದಿಡುವ ಡಿಕ್ಷನರಿಯನ್ನೂ ಉತ್ತರವನ್ನು ಆರಂಭಿಸುವ ಫಂಕ್ಷನ್ ಒಂದನ್ನೂ ಪಡೆದು, ಉತ್ತರದ ಬೈಟ್‌ಗಳನ್ನು ಹಿಂತಿರುಗಿಸುವ ಒಂದು ಫಂಕ್ಷನ್ ಆಗಿದ್ದರೆ ಸಾಕು. ರೂಬಿ ಭಾಷೆಯ ಇಂಥದೇ ಒಪ್ಪಂದವಾದ ರ‍್ಯಾಕ್ ಇನ್ನೂ ಸರಳ: ಸ್ಥಿತಿಯ ಸಂಖ್ಯೆ, ಹೆಡರ್‌ಗಳು (ಉತ್ತರದ ಕುರಿತ ವಿವರಗಳು), ಒಡಲು ಎಂಬ ಮೂರನ್ನು ಕೊಟ್ಟರೆ ಮುಗಿಯಿತು. ಇಷ್ಟು ಕಿರಿದಾದ ಒಪ್ಪಂದ ಇರುವುದರಿಂದಲೇ ಸರ್ವರ್ ಬರೆಯುವವರು ಮತ್ತು ಫ್ರೇಮ್‌ವರ್ಕ್ ಬರೆಯುವವರು ಒಬ್ಬರನ್ನೊಬ್ಬರು ಕೇಳದೆ ತಮ್ಮ ಪಾಡಿಗೆ ಕೆಲಸ ಮಾಡಲು ಸಾಧ್ಯವಾಗಿದೆ.

ಮೂರನೆಯ ಹೆಜ್ಜೆ ಮಿಡಲ್‌ವೇರ್, ಮತ್ತು ಹೆಚ್ಚಿನವರು ಎಡವುವುದೂ ಇಲ್ಲಿಯೇ. ಕೋರಿಕೆ ನಿಮ್ಮ ಫಂಕ್ಷನ್ ತಲುಪುವ ಮೊದಲು ಒಂದರ ನಂತರ ಒಂದರಂತೆ ಹಾದುಹೋಗುವ ಪದರಗಳಿವು. ಎಕ್ಸ್‌ಪ್ರೆಸ್‌ನಲ್ಲಿ ಜೇಸನ್ (ಮಾಹಿತಿಯನ್ನು ಪಠ್ಯವಾಗಿ ಕಳುಹಿಸುವ ಒಂದು ರೂಪ) ಸ್ವೀಕರಿಸುವ ರೂಟ್ ಅನ್ನು, ಅಂದರೆ ಒಂದು ವಿಳಾಸಕ್ಕೆ ಫಂಕ್ಷನ್ ಜೋಡಿಸುವ ಸಾಲನ್ನು, ಮೇಲೆ ಬರೆದು, ಜೇಸನ್ ಓದುವ ಪದರವನ್ನು ಅದರ ಕೆಳಗಿನ ಸಾಲಿನಲ್ಲಿ ಸೇರಿಸಿ ನೋಡಿ: ಎರಡೂ ಸಾಲುಗಳು ತಮ್ಮಷ್ಟಕ್ಕೆ ಸರಿಯಾಗಿದ್ದರೂ, ರೂಟ್ ಒಳಗೆ ಕೋರಿಕೆಯ ಒಡಲು ‘ಅನ್‌ಡಿಫೈನ್ಡ್’ (ಬೆಲೆಯೇ ಇಲ್ಲ) ಎಂದೇ ಕಾಣುತ್ತದೆ, ಏಕೆಂದರೆ ಓದಬೇಕಾದ ಪದರದ ಸರದಿ ಇನ್ನೂ ಬಂದಿಲ್ಲ. ಆದ್ದರಿಂದ ಪದರಗಳ ಕ್ರಮ ಕೋಡ್‌ನಲ್ಲಿ ಒಂದೇ ಕಡೆ, ಕಣ್ಣಿಗೆ ಕಾಣುವಂತೆ ಇರಬೇಕು. 2013ರಲ್ಲಿ ಬಂದ ಕೋವಾ ಎಂಬ ಫ್ರೇಮ್‌ವರ್ಕ್‌ನಲ್ಲಿ ಪ್ರತಿ ಪದರವೂ ಮುಂದಿನದನ್ನು ತಾನೇ ಕರೆದು, ಅದು ಮುಗಿಯುವವರೆಗೆ ಕಾದು, ಬಳಿಕ ಉಳಿದ ಕೆಲಸ ಮಾಡಬಹುದು; ಉತ್ತರಕ್ಕೆ ಹಿಡಿದ ಸಮಯವನ್ನು ಅಳೆಯುವಂಥ ಕೆಲಸಕ್ಕೆ ಇದಕ್ಕಿಂತ ಅಚ್ಚುಕಟ್ಟಾದ ವಿನ್ಯಾಸವನ್ನು ನಾನು ಕಂಡಿಲ್ಲ.

ಇನ್ನು ಎಲ್ಲಿ ಗೆರೆ ಎಳೆಯಬೇಕು ಎಂಬ ಪ್ರಶ್ನೆ. 2014ರಲ್ಲಿ ಎಕ್ಸ್‌ಪ್ರೆಸ್‌ನ 4ನೇ ಆವೃತ್ತಿಯು ಸ್ಥಿರ ಕಡತಗಳನ್ನು (ಚಿತ್ರಗಳಂತೆ ಇದ್ದ ಹಾಗೆಯೇ ಕಳುಹಿಸುವಂಥವನ್ನು) ಕೊಡುವ ಒಂದು ಪದರವನ್ನು ಉಳಿಸಿಕೊಂಡು, ಜೊತೆಗಿದ್ದ ಮಿಕ್ಕೆಲ್ಲ ಮಿಡಲ್‌ವೇರ್‌ಗಳನ್ನು ಹೊರಗೆ ಹಾಕಿತು. ಹೀಗೆ ಹೊರಬಂದ ಒಂದೊಂದನ್ನೂ ಫ್ರೇಮ್‌ವರ್ಕ್‌ನ ಮುಂದಿನ ಬಿಡುಗಡೆಗೆ ಕಾಯದೆ ತಿದ್ದುವುದು ಸಾಧ್ಯವಾಯಿತು. ಆದರೆ 2017ರಲ್ಲಿ ಜೇಸನ್ ಓದುವ ಪದರವನ್ನು ಅದೇ ಸಾಲಿನ 4.16ರಲ್ಲಿ ಮತ್ತೆ ಒಳಗೆ ತರಲಾಯಿತು. ಬಹುತೇಕ ಎಲ್ಲರೂ ಬಳಸುವ ಸಾಧನವನ್ನು ಹೊರಗಿಟ್ಟು ಸಾಧಿಸುವುದು ಏನೂ ಇಲ್ಲವಾದ್ದರಿಂದ ಅದು ಸರಿಯಾದ ನಿರ್ಧಾರವೆಂದೇ ನನ್ನ ಅಭಿಪ್ರಾಯ.

ಹೊರಗಿಟ್ಟದ್ದನ್ನು ಜೋಡಿಸುವ ದಾರಿ ಎಲ್ಲ ಎಕ್ಸ್‌ಟೆನ್ಷನ್‌ಗಳಿಗೂ ಒಂದೇ ಆಗಿರಲಿ. ಫ್ಲಾಸ್ಕ್‌ನಲ್ಲಿ ಎಕ್ಸ್‌ಟೆನ್ಷನ್ ಅನ್ನು ಮೊದಲು ಆ್ಯಪ್ ಇಲ್ಲದೆಯೇ ಸೃಷ್ಟಿಸಿ, ಆಮೇಲೆ ‘ಇನಿಟ್ ಆ್ಯಪ್’ ಮೂಲಕ ಕೂಡಿಸುವ ಪದ್ಧತಿಯಿದೆ. ಇದರಿಂದ ಪರೀಕ್ಷೆಗೊಂದು, ನಿಜವಾದ ಬಳಕೆಗೊಂದು ಆ್ಯಪ್ ಅನ್ನು ಬೇರೆ ಬೇರೆ ಸೆಟ್ಟಿಂಗ್‌ಗಳೊಂದಿಗೆ ಕಟ್ಟಬಹುದು.

ಸುರಕ್ಷತೆಯ ವಿಷಯದಲ್ಲಿ ಮಾತ್ರ ಹಗುರತನದ ಹಟ ಬೇಡ. ಎಚ್‌ಟಿಎಂಎಲ್ ಟೆಂಪ್ಲೇಟ್‌ಗಳಲ್ಲಿ ಬಳಕೆದಾರರು ಬರೆದ ಪಠ್ಯವನ್ನು ಫ್ಲಾಸ್ಕ್ ತಾನಾಗಿಯೇ ನಿರಪಾಯಗೊಳಿಸುತ್ತದೆ. ಆದರೆ ಬೇರೆ ತಾಣವೊಂದು ಬಳಕೆದಾರರ ಹೆಸರಿನಲ್ಲಿ ಫಾರ್ಮ್ ಸಲ್ಲಿಸುವ ಸಿಎಸ್‌ಆರ್‌ಎಫ್ ದಾಳಿಗೆ ಜ್ಯಾಂಗೋ ಎಂಬ ದೊಡ್ಡ ಫ್ರೇಮ್‌ವರ್ಕ್‌ನ ಹೊಸ ಪ್ರಾಜೆಕ್ಟ್‌ನಲ್ಲಿ ಮೊದಲಿನಿಂದಲೇ ತಡೆಯಿದ್ದರೆ, ಫ್ಲಾಸ್ಕ್‌ನಲ್ಲಿ ಅದನ್ನು ನಾವೇ ಸೇರಿಸಬೇಕು. ನಿಮ್ಮ ಫ್ರೇಮ್‌ವರ್ಕ್ ಒದಗಿಸದ ಇಂಥ ರಕ್ಷಣೆಗಳನ್ನು ಕೈಪಿಡಿಯ ಮೊದಲ ಅಧ್ಯಾಯದಲ್ಲೇ ಹೆಸರಿಸಿ, ಪ್ರತಿಯೊಂದಕ್ಕೂ ಯಾವ ಎಕ್ಸ್‌ಟೆನ್ಷನ್ ಹಾಕಿಕೊಳ್ಳಬೇಕು ಎಂಬುದನ್ನು ಪಕ್ಕದಲ್ಲೇ ಬರೆಯಿರಿ.