ಕೋರಿ ಮೀನಿನ ಮರಿ ಬೇಕೆಂದರೆ ಮೊದಲು ಗಿಡ ಬೇರು ಬಿಡಲಿ

ಅಕ್ವೇರಿಯಂ ತೊಟ್ಟಿಯ ತಳ ಗುಡಿಸಲಿ ಎಂದು ಕೋರಿಯಂಥ ಪುಟ್ಟ ಕ್ಯಾಟ್‌ಫಿಶ್ ತರುವವರೇ ಹೆಚ್ಚು. ಬೇರೆ ಮೀನು ಬಿಟ್ಟ ಎಂಜಲಲ್ಲಿ ಅದರ ಹೊಟ್ಟೆ ತುಂಬುತ್ತದೆ, ಗಲೀಜೂ ಹೋಗುತ್ತದೆ ಎಂಬ ಲೆಕ್ಕಾಚಾರ. ಆದರೆ ಈ ಮೀನು ಉಳಿದವುಗಳ ಹಿಕ್ಕೆ ತಿಂದು ತೊಟ್ಟಿ ತೊಳೆಯುವುದಿಲ್ಲ, ತನ್ನದನ್ನೂ ಅದಕ್ಕೆ ಸೇರಿಸುತ್ತದೆ, ಅಷ್ಟೇ. ಎಂಜಲು ನಂಬಿಕೊಂಡ ಮೀನು ಬದುಕಿದರೂ ಸೊರಗಿಕೊಂಡಿರುತ್ತದೆ. ಸೊರಗಿದ ಹೆಣ್ಣು ಮೊಟ್ಟೆ ಕಟ್ಟುವುದಿಲ್ಲ. ಮರಿ ಮಾಡಿಸುವ ಆಸೆಯಿದ್ದರೆ ತೊಟ್ಟಿಯನ್ನು ಈ ಮೀನಿಗೆಂದೇ ಹೊಂದಿಸಬೇಕು, ಮೀನು ಬರುವ ಮೊದಲು ಗಿಡ ನೆಟ್ಟು ಬೇರು ಬಿಡಿಸಿರಬೇಕು. ಮೊಟ್ಟೆ ಇಡಿಸುವುದು ದೊಡ್ಡ ವಿದ್ಯೆಯೇನಲ್ಲ. ಒಡೆದು ಬಂದ ಮರಿಯನ್ನು ಮೂರು ವಾರ ದಾಟಿಸುವುದರಲ್ಲಿ ಕಷ್ಟವೆಲ್ಲ ಇರುವುದು, ಅಲ್ಲಿ ಕೈಹಿಡಿಯುವುದು ಗಿಡವೇ.

ಪುಟ್ಟ ಕ್ಯಾಟ್‌ಫಿಶ್ ಎಂದರೆ ನಾನು ಹೇಳುತ್ತಿರುವುದು ಕೋರಿಡೋರಸ್, ಸಾಕುವವರ ಬಾಯಲ್ಲಿ ಬರೀ ಕೋರಿ. ದಕ್ಷಿಣ ಅಮೆರಿಕದ ಹೊಳೆ, ತೊರೆಗಳ ಮೀನು. ಮೈಮೇಲೆ ಹುರುಪೆಯ ಬದಲು ಎರಡು ಸಾಲು ಎಲುಬಿನ ಫಲಕ, ಬಾಯಿಯ ಸುತ್ತ ಮೀಸೆ. 2024ರಲ್ಲಿ ವಿಜ್ಞಾನಿಗಳು ಈ ಕುಲವನ್ನು ಒಡೆದು ಹಲವು ಕುಲ ಮಾಡಿದ್ದಾರೆ, ಹಾಗಾಗಿ ಈಚಿನ ಬರಹಗಳಲ್ಲಿ ಬೇರೆ ಹೆಸರು ಕಂಡರೆ ಗಾಬರಿ ಬೇಡ, ಮೀನು ಅದೇ. ಮೊದಲ ಸಲ ಮರಿ ಮಾಡಿಸುವವರು ಬ್ರಾಂಝ್ ಕೋರಿ ಅಥವಾ ಪೆಪ್ಪರ್ಡ್ ಕೋರಿ ಆರಿಸಿಕೊಳ್ಳಿ. ಎರಡೂ ಗಟ್ಟಿ ಜೀವ. ಪೆಪ್ಪರ್ಡ್‌ಗೆ ಸ್ವಲ್ಪ ತಣ್ಣಗಿನ ನೀರೇ ಹಿತ; ಸೆಕೆಯ ಮನೆಯಾದರೆ ಬ್ರಾಂಝ್ ಒಳ್ಳೆಯದು. ಎರಡೂವರೆ ಸೆಂಟಿಮೀಟರ್ ಉದ್ದದ ಪಿಗ್ಮಿ ಕೋರಿ ನೋಡಲು ಮುದ್ದು, ಆದರೆ ಅದರ ಮರಿ ಕಣ್ಣಿಗೇ ಕಾಣದಷ್ಟು ಸಣ್ಣದು. ಅದನ್ನು ಕೈ ಪಳಗಿದ ಮೇಲೆ ನೋಡಿಕೊಂಡರಾಯಿತು. ಒಂದು ಎಚ್ಚರ: ಗಾಜಿಗೆ ಬಾಯಿ ಕಚ್ಚಿಕೊಂಡಿರುವ ಬೆರಳುದ್ದದ ‘ಸಕ್ಕರ್’ ಮೀನನ್ನು ಪುಟ್ಟ ಕ್ಯಾಟ್‌ಫಿಶ್ ಎಂದೇ ಕೊಡುತ್ತಾರೆ. ಅದು ಬೆಳೆದು ಒಂದಡಿ ದಾಟುತ್ತದೆ.

ತಳಕ್ಕೆ ನಯವಾದ ಮರಳೇ ಆಗಬೇಕು. ಕೋರಿ ಮೂತಿಯನ್ನು ಕಣ್ಣಿನವರೆಗೂ ಮರಳಲ್ಲಿ ಹುದುಗಿಸಿ, ಬಾಯ್ತುಂಬ ಎಳೆದುಕೊಂಡು, ತಿನ್ನುವುದನ್ನು ಉಳಿಸಿಕೊಂಡು ಉಳಿದದ್ದನ್ನು ಕಿವಿರಿನಿಂದ ಹೊರಗೆ ಬಿಡುತ್ತದೆ. ಹತ್ತಿರ ಕೂತು ನೋಡಿದರೆ ಎರಡೂ ಕೆನ್ನೆಯ ಹಿಂದಿನಿಂದ ಸಣ್ಣಗೆ ಹೊಗೆ ಹೊರಟ ಹಾಗೆ ಕಾಣುತ್ತದೆ. ಚೂಪು ಜಲ್ಲಿ ಹಾಕಿದವರ ತೊಟ್ಟಿಯಲ್ಲಿ ಈ ಆಟ ಇರುವುದೇ ಇಲ್ಲ. ಮೀಸೆ ಮೊಂಡಾಗಿದ್ದರೆ ಬರೀ ಜಲ್ಲಿಯನ್ನು ದೂರಬೇಡಿ. ತಳದಲ್ಲಿ ಕೊಳೆತು ಕೂತ ಆಹಾರದಲ್ಲಿ ಬೆಳೆಯುವ ಬ್ಯಾಕ್ಟೀರಿಯಾ ಕೂಡ ಮೀಸೆ ತಿನ್ನುತ್ತದೆ. ಮರಳು ಎರಡು ಮೂರು ಸೆಂಟಿಮೀಟರ್ ಇದ್ದರೆ ಸಾಕು, ಗಿಡ ನೆಡುವ ಹಿಂಭಾಗದಲ್ಲಿ ಮಾತ್ರ ಸ್ವಲ್ಪ ಏರಿಸಿ.

ಇನ್ನು ಗಿಡ. ಮರಳಿನಲ್ಲಿ ಸತ್ವವಿಲ್ಲ. ಬೇರಿನಿಂದ ಉಣ್ಣುವ ಅಮೆಜಾನ್ ಸ್ವೋರ್ಡ್, ಕ್ರಿಪ್ಟೋಕೊರೈನ್ ಥರದ ಗಿಡಕ್ಕೆ ಬುಡದಲ್ಲಿ ಗೊಬ್ಬರದ ಗುಳಿಗೆ ಹುಗಿಯಲೇಬೇಕು, ಅದೂ ಆಳದಲ್ಲಿ, ಕೋರಿಯ ಮೂತಿಗೆ ಸಿಗದ ಹಾಗೆ. ಕ್ರಿಪ್ಟೋಕೊರೈನ್ ಜಾಗ ಬದಲಿಸಿದ ವಾರದಲ್ಲೇ ಎಲೆ ಎಲ್ಲ ಕರಗಿಸಿಬಿಡುತ್ತದೆ. ಸತ್ತಿತೆಂದು ಕಿತ್ತೆಸೆಯುವವರು ಬಹಳ. ಬೇರು ಬಿಳಿಯಾಗಿ ಗಟ್ಟಿಯಾಗಿದ್ದರೆ ಸುಮ್ಮನಿರಿ, ಕೊಳೆತ ಎಲೆ ಮಾತ್ರ ತೆಗೆಯಿರಿ, ಹೊಸ ಎಲೆ ಬರುತ್ತದೆ. ಕೊಂಡು ತಂದ ಎಷ್ಟೋ ಗಿಡ ನರ್ಸರಿಯಲ್ಲಿ ನೀರಿನ ಹೊರಗೆ ಬೆಳೆದದ್ದು. ಮುಳುಗಿಸಿದ ಮೇಲೆ ಹಳೆಯ ಎಲೆ ಉದುರಿ, ನೀರಿಗೆ ಹೊಂದುವ ತೆಳು ಎಲೆ ಬರುವವರೆಗೆ ಅದರ ರೂಪ ನೋಡಿ ಬೇಜಾರು ಮಾಡಿಕೊಳ್ಳಬಾರದು.

ಅನುಬಿಯಾಸ್, ಜಾವಾ ಫರ್ನ್ ಇವುಗಳ ದಪ್ಪ ಗೆಡ್ಡೆಯಂಥ ಕಾಂಡವನ್ನು ಮರಳಲ್ಲಿ ಹೂತರೆ ಕೊಳೆಯುತ್ತದೆ. ಮರದ ತುಂಡಿಗೋ ಕಲ್ಲಿಗೋ ದಾರದಿಂದ ಕಟ್ಟಿ. ಕೋರಿ ತೊಟ್ಟಿಗೆ ಇವು ಹೇಳಿ ಮಾಡಿಸಿದ ಗಿಡಗಳು, ಏಕೆಂದರೆ ಮಂದ ಬೆಳಕೇ ಸಾಕು, ಮೀನು ಅಗೆದು ಕೀಳುವ ಭಯವಿಲ್ಲ, ಅಗಲ ಎಲೆಯ ಅಡಿಭಾಗ ಮೊಟ್ಟೆ ಅಂಟಿಸಲು ಬೇಕಾದ ಜಾಗ. ಸಣ್ಣ ಬೇರಿನ ಹುಲ್ಲುಗಿಡಗಳನ್ನು ಹಾಸಿ ಲಾನ್ ಮಾಡುವ ಆಸೆಯನ್ನು ಇಲ್ಲಿ ಬಿಟ್ಟುಬಿಡಿ. ಬೆಳಗ್ಗೆ ನೆಟ್ಟದ್ದು ಸಂಜೆಗೆ ತೇಲುತ್ತಿರುತ್ತದೆ. ಹಿಂದುಗಡೆ ಪಟ್ಟಿಯಂಥ ಉದ್ದ ಎಲೆಯ ವ್ಯಾಲಿಸ್ನೇರಿಯಾ, ಒಂದು ಮೂಲೆಯಲ್ಲಿ ಕೈತುಂಬ ಜಾವಾ ಮಾಸ್ ಎಂಬ ಹಾವಸೆ, ಮೇಲೆ ಒಂದಿಷ್ಟು ತೇಲುವ ಗಿಡ. ಅಂತರಗಂಗೆ ಆಗಬಹುದು, ಅದರ ಇಳಿಬಿಟ್ಟ ಬೇರಿನಲ್ಲಿ ಮರಿ ಮೇಯುವ ಸೂಕ್ಷ್ಮಜೀವಿಗಳು ತಾವಾಗಿಯೇ ಬೆಳೆಯುತ್ತವೆ. ನೀರಿನ ಮುಕ್ಕಾಲು ಭಾಗ ಮುಚ್ಚುವ ಮೊದಲೇ ತೆಗೆದುಹಾಕುತ್ತಿರಿ, ಇಲ್ಲವಾದರೆ ಕೆಳಗಿನ ಗಿಡಕ್ಕೆ ಬೆಳಕೇ ಸಿಗದು.

ದೀಪ ದಿನಕ್ಕೆ ಏಳೆಂಟು ಗಂಟೆ ಉರಿದರೆ ಸಾಕು, ಟೈಮರ್ ಹಾಕಿಬಿಟ್ಟರೆ ಮರೆವಿನ ತಾಪತ್ರಯವಿಲ್ಲ. ಬೆಳಕು ಹೆಚ್ಚಾದಷ್ಟೂ ಗಿಡ ಬೆಳೆಯುತ್ತದೆಂದು ಹನ್ನೆರಡು ಗಂಟೆ ಉರಿಸುವವರಿಗೆ ಬೆಳೆಯುವುದು ಪಾಚಿ. ಗಿಡದ ಹಸಿವು ಎಲೆಯಲ್ಲೇ ಕಾಣುತ್ತದೆ: ಹೊಸ ಚಿಗುರು ಬಿಳಿಚಿದ್ದರೆ ಸಾಮಾನ್ಯವಾಗಿ ಕಬ್ಬಿಣದ ಕೊರತೆ, ಹಳೆಯ ಎಲೆ ಹಳದಿಯಾಗುತ್ತಿದ್ದರೆ ಸಾರಜನಕ, ಹಳೆಯ ಎಲೆಯಲ್ಲಿ ಸೂಜಿ ಚುಚ್ಚಿದಂಥ ತೂತು ಬಿದ್ದರೆ ಪೊಟ್ಯಾಸಿಯಂ. ರಾತ್ರಿ ಗಿಡಗಳೂ ಆಮ್ಲಜನಕ ಎಳೆದುಕೊಳ್ಳುತ್ತವೆ ಎನ್ನುವುದನ್ನು ಮರೆತು ಏರ್ ಪಂಪ್ ಆರಿಸಬೇಡಿ.

ಹೊಸ ತೊಟ್ಟಿಗೆ ನಾಲ್ಕರಿಂದ ಆರು ವಾರ ಕೊಡಿ. ಹಿಕ್ಕೆ, ಎಂಜಲು ಕೊಳೆತು ಹುಟ್ಟುವ ವಿಷವಾದ ಅಮೋನಿಯಾವನ್ನು ನೈಟ್ರೈಟ್ ಆಗಿ, ಅದನ್ನು ನೈಟ್ರೇಟ್ ಆಗಿ ಮಾಡುವ ಬ್ಯಾಕ್ಟೀರಿಯಾ ಫಿಲ್ಟರ್‌ನಲ್ಲಿ ನೆಲೆ ನಿಲ್ಲಲು ಅಷ್ಟು ಬೇಕು. ಟೆಸ್ಟ್ ಕಿಟ್‌ನಲ್ಲಿ ಮೊದಲೆರಡೂ ಸೊನ್ನೆ ತೋರಿಸುವವರೆಗೆ ಕೋರಿ ಬಿಡಬೇಡಿ. ಕೋರಿ ಆಗಾಗ ಸರ್ರನೆ ಮೇಲೆ ಬಂದು ಗಾಳಿ ನುಂಗಿ ಕೆಳಗಿಳಿಯುತ್ತದೆ. ಆ ಗಾಳಿಯಿಂದ ಕರುಳಿನಲ್ಲೇ ಆಮ್ಲಜನಕ ಹೀರುತ್ತದೆ. ಅದಕ್ಕಾಗಿ ನೀರಿಗೂ ಮುಚ್ಚಳಕ್ಕೂ ನಡುವೆ ಮೂರು ನಾಲ್ಕು ಬೆರಳು ಜಾಗ ಬಿಡಿ. ನಿಮಿಷಕ್ಕೊಂದು ಸಲ ಎಲ್ಲವೂ ಮೇಲೇರತೊಡಗಿದರೆ ಮಾತ್ರ ನೀರು ಕೆಟ್ಟಿದೆ ಎಂದೇ ಲೆಕ್ಕ.

ಒಂದೇ ಜಾತಿಯವು ಆರಕ್ಕೆ ಕಮ್ಮಿ ಬೇಡ. ಮರಿಯಾಗಿದ್ದಾಗ ಗಂಡು ಹೆಣ್ಣು ತಿಳಿಯುವುದಿಲ್ಲ. ದೊಡ್ಡವಾದ ಮೇಲೆ ಮೇಲಿನಿಂದ ನೋಡಿ: ಹೆಣ್ಣಿನ ಹೊಟ್ಟೆ ಎರಡೂ ಕಡೆ ಉಬ್ಬಿರುತ್ತದೆ, ಗಂಡು ಸಪೂರ. ಒಂದು ಹೆಣ್ಣಿಗೆ ಎರಡು ಗಂಡು ಇದ್ದರೆ ಅನುಕೂಲ. ಒಂದೆರಡು ವಾರ ಚೆನ್ನಾಗಿ ಉಣಿಸಿ. ದೀಪ ಆರಿದ ಮೇಲೆ ಮುಳುಗುವ ಗುಳಿಗೆ, ನಡುನಡುವೆ ಫ್ರೀಜ್ ಮಾಡಿದ ಬ್ಲಡ್‌ವರ್ಮ್ ಎಂಬ ಕೆಂಪು ಹುಳು ಅಥವಾ ಆರ್ಟೀಮಿಯಾ ಎಂಬ ಉಪ್ಪುನೀರಿನ ಪುಟ್ಟ ಸಿಗಡಿ. ಹೆಣ್ಣಿನ ಹೊಟ್ಟೆ ದಪ್ಪಗೆ, ತುಸು ಕೆಂಪಾಗಿ ಕಾಣತೊಡಗಿದರೆ ಮಳೆ ಬರಿಸುವ ಹೊತ್ತಾಯಿತು.

ಮಳೆ ಅಂದರೆ ತಣ್ಣೀರು. ಅವುಗಳ ಊರಿನಲ್ಲಿ ಮಳೆ ಬಿದ್ದು ಹೊಳೆಗೆ ಹೊಸ ನೀರು ಬಂದಾಗ ಮರಿಗೆ ಮೇವು ಹುಟ್ಟುತ್ತದೆ, ಆಗಲೇ ಮೊಟ್ಟೆ ಇಡುವ ವಾಡಿಕೆ. ನಾವು ಸಂಜೆ ಮೂರನೇ ಒಂದರಿಂದ ಅರ್ಧದಷ್ಟು ನೀರು ತೆಗೆದು, ತೊಟ್ಟಿಯ ನೀರಿಗಿಂತ ಮೂರರಿಂದ ಐದು ಡಿಗ್ರಿ ತಣ್ಣಗಿರುವ ನೀರನ್ನು ನಿಧಾನವಾಗಿ ಸುರಿಯುವುದು. ನಲ್ಲಿ ನೀರಾದರೆ ಕ್ಲೋರಿನ್ ತೆಗೆಯುವ ಔಷಧಿ ಹಾಕಲೇಬೇಕು. ಒಂದು ದಿನ ಇಟ್ಟ ನೀರಿನಲ್ಲಿ ಕ್ಲೋರಿನ್ ಹಾರಿಹೋಗುತ್ತದೆ ನಿಜ, ಆದರೆ ಕ್ಲೋರಿನ್‌ಗೆ ಅಮೋನಿಯಾ ಸೇರಿದ ಕ್ಲೋರಮೈನ್ ಹಾಗೆ ಹೋಗುವುದಿಲ್ಲ. ಹೊರಗೆ ಮೋಡ ಕವಿದು ಗಾಳಿಯ ಒತ್ತಡ ಇಳಿದ ದಿನ ಇದನ್ನು ಮಾಡಿದರೆ ಫಲ ಬೇಗ ಎಂದು ಸಾಕುವವರೆಲ್ಲ ಹೇಳುತ್ತಾರೆ, ನಾನೂ ಒಪ್ಪುತ್ತೇನೆ. ಮೊದಲ ಸಲಕ್ಕೇ ಆಗಲಿಲ್ಲವೆಂದು ದಿನಾ ಮಾಡಿ ಮೀನನ್ನು ಸುಸ್ತು ಮಾಡಬೇಡಿ. ಎರಡು ಮೂರು ದಿನ ಬಿಟ್ಟು ಮತ್ತೆ ಮಾಡಿ.

ಕೆಲಸ ಆಗಿದೆ ಎನ್ನುವುದು ಬೆಳಗ್ಗೆ ಗದ್ದಲದಿಂದಲೇ ತಿಳಿಯುತ್ತದೆ. ಗಂಡುಗಳೆಲ್ಲ ಒಂದು ಹೆಣ್ಣಿನ ಬೆನ್ನು ಹತ್ತಿ ಗಾಜಿನುದ್ದಕ್ಕೂ ಮೇಲೆ ಕೆಳಗೆ ಓಡುತ್ತಿರುತ್ತವೆ. ಆಮೇಲೆ ಒಂದು ಗಂಡು ಅಡ್ಡ ನಿಲ್ಲುತ್ತದೆ, ಹೆಣ್ಣು ಅದರ ಹೊಟ್ಟೆಯ ಪಕ್ಕಕ್ಕೆ ಬಾಯಿ ಕೊಡುತ್ತದೆ, ಎರಡೂ ಕೆಲವು ಸೆಕೆಂಡು ಅಲುಗಾಡದೆ ನಿಲ್ಲುತ್ತವೆ. ಬ್ರಾಂಝ್ ಕೋರಿಯ ಹೆಣ್ಣು ಆಗ ವೀರ್ಯವನ್ನು ನುಂಗುತ್ತದೆ, ಅದು ಕರುಳಿನ ಮೂಲಕ ಬೇಗನೆ ಹಾದುಬಂದು ಮೊಟ್ಟೆಗೆ ಸೇರುತ್ತದೆ ಎಂದು ಜಪಾನಿನ ಸಂಶೋಧಕರು 1995ರಲ್ಲಿ ಪ್ರಕಟಿಸಿದರು. ಹೆಣ್ಣು ಹೊಟ್ಟೆಯಡಿಯ ಜೋಡಿ ರೆಕ್ಕೆಯನ್ನು ಬೊಗಸೆ ಮಾಡಿ ಅದರಲ್ಲಿ ಕೆಲವೇ ಮೊಟ್ಟೆ ಹಿಡಿದುಕೊಂಡು ಜಾಗ ಹುಡುಕುತ್ತದೆ. ಗಾಜನ್ನೋ ಎಲೆಯನ್ನೋ ಬಾಯಿಂದ ಉಜ್ಜಿ, ಹೊಟ್ಟೆ ಒತ್ತಿ ಅಂಟಿಸಿ ಹೊರಡುತ್ತದೆ. ಹೀಗೇ ಗಂಟೆಗಟ್ಟಲೆ ನಡೆಯುತ್ತದೆ, ಒಂದು ದೊಡ್ಡ ಹೆಣ್ಣು ನೂರಕ್ಕೂ ಮೇಲೆ ಮೊಟ್ಟೆ ಇಟ್ಟೀತು. ಆ ಹೊತ್ತಿನಲ್ಲಿ ಕೈ ಹಾಕಬೇಡಿ, ದೀಪ ಹಾಕಿ ಆರಿಸಿ ಮಾಡಬೇಡಿ.

ಮುಗಿದ ಮೇಲೆ ತುಂಬ ತಡ ಮಾಡುವಂತಿಲ್ಲ, ಹೆತ್ತವೇ ತಿಂದು ಮುಗಿಸುತ್ತವೆ. ಗಾಜಿನ ಮೇಲಿನ ಮೊಟ್ಟೆಯನ್ನು ಒದ್ದೆ ಬೆರಳ ತುದಿಯಿಂದ ಹೊರಳಿಸಿದರೆ ಬೆರಳಿಗೇ ಅಂಟಿಕೊಂಡು ಬರುತ್ತದೆ. ಒಂದೆರಡು ಗಂಟೆ ಬಿಟ್ಟರೆ ಸಿಪ್ಪೆ ಗಟ್ಟಿಯಾಗಿ ಸುಲಭವಾಗುತ್ತದೆ. ಗಿಡದ ಮೇಲಿನದಾದರೆ ಎಲೆಯನ್ನೇ ಕತ್ತರಿಸಿಕೊಳ್ಳಿ, ಮಾಸ್ ಆದರೆ ಆ ಮುದ್ದೆಯನ್ನೇ ಎತ್ತಿ. ಒಂದು ಪ್ಲಾಸ್ಟಿಕ್ ಡಬ್ಬಿಗೆ ಅದೇ ತೊಟ್ಟಿಯ ನೀರು, ಏರ್ ಸ್ಟೋನ್‌ನಿಂದ ಸಣ್ಣ ಗುಳ್ಳೆ. ಮೊಟ್ಟೆಗಳು ಒಂದಕ್ಕೊಂದು ತಾಗದಂತೆ ಹರಡಿ. ಫಲ ಕಟ್ಟದ ಮೊಟ್ಟೆ ಬೆಳ್ಳಗೆ ಮಂಜಾಗಿ ಬೂಷ್ಟು ಹಿಡಿಯುತ್ತದೆ, ಬೂಷ್ಟು ಪಕ್ಕದ್ದಕ್ಕೂ ಹಬ್ಬುತ್ತದೆ. ದಿನಕ್ಕೆರಡು ಸಲ ಡ್ರಾಪರ್‌ನಿಂದ ಅಂಥದ್ದನ್ನು ತೆಗೆದುಬಿಡಿ. ಕೆಲವರು ನೀರು ತಿಳಿ ನೀಲಿಯಾಗುವಷ್ಟು ಮೆಥಿಲೀನ್ ಬ್ಲೂ ಎಂಬ ಬೂಷ್ಟು ತಡೆಯುವ ಔಷಧಿ ಹಾಕುತ್ತಾರೆ. ಹಾಕಿ, ಆದರೆ ಡಬ್ಬಿಗೆ ಮಾತ್ರ. ದೊಡ್ಡ ತೊಟ್ಟಿಗೆ ಬಿದ್ದರೆ ಫಿಲ್ಟರ್‌ನ ಬ್ಯಾಕ್ಟೀರಿಯಾ, ಗಿಡ ಎರಡಕ್ಕೂ ಕೇಡು. ನನಗೆ ಇಷ್ಟವಾದ ದಾರಿ ಡಬ್ಬಿಯಲ್ಲಿ ಎರಡು ಮೂರು ಚೆರ್ರಿ ಸಿಗಡಿ ಬಿಡುವುದು. ಅವು ಬೂಷ್ಟು ಹಿಡಿದದ್ದನ್ನು ಕಿತ್ತು ತಿನ್ನುತ್ತವೆ, ಒಳ್ಳೆಯ ಮೊಟ್ಟೆಯ ತಂಟೆಗೆ ಸಾಮಾನ್ಯವಾಗಿ ಹೋಗುವುದಿಲ್ಲ. ಸಿಗಡಿ ಇದ್ದರೆ ನೀಲಿ ಔಷಧಿ ಬೇಡ.

ಇಪ್ಪತ್ನಾಲ್ಕು, ಇಪ್ಪತ್ತೈದು ಡಿಗ್ರಿಯಲ್ಲಿ ಮೂರರಿಂದ ಐದು ದಿನಕ್ಕೆ ಮೊಟ್ಟೆ ಒಡೆಯುತ್ತದೆ. ಮೊದಲೆರಡು ದಿನ ಮರಿಗೆ ಹೊಟ್ಟೆಯ ಕೆಳಗಿನ ಹಳದಿ ಚೀಲವೇ ಊಟ. ಆಗ ಪ್ರೀತಿಯಿಂದ ಹಾಕಿದ ಆಹಾರ ಕೊಳೆತು ಮರಿಯನ್ನೇ ಕೊಲ್ಲುತ್ತದೆ. ಚೀಲ ಕರಗಿದ ಮೇಲೆ ಮೈಕ್ರೋವರ್ಮ್ ಎಂಬ ಎಳೆಯಂಥ ಸಣ್ಣ ಹುಳು ಅಥವಾ ಆಗಷ್ಟೇ ಒಡೆಸಿದ ಆರ್ಟೀಮಿಯಾ, ದಿನಕ್ಕೆ ಮೂರು ನಾಲ್ಕು ಸಲ ಚೂರೇ ಚೂರು. ಆರ್ಟೀಮಿಯಾ ಮೊಟ್ಟೆ ಉಪ್ಪುನೀರಿನಲ್ಲಿ ಗಾಳಿ ಕೊಟ್ಟಿಟ್ಟರೆ ಒಂದು ಒಂದೂವರೆ ದಿನಕ್ಕೆ ಒಡೆಯುತ್ತದೆ. ಸೋಸಿ ಸಿಹಿನೀರಲ್ಲಿ ತೊಳೆದು ಹಾಕಿ. ಮರಿಯ ಹೊಟ್ಟೆ ಕಿತ್ತಳೆ ಬಣ್ಣಕ್ಕೆ ತಿರುಗಿದರೆ ಉಂಡಿದೆ ಎಂದು ತಿಳಿಯುತ್ತದೆ.

ಮರಿ ಹೋಗುವುದು ಹಸಿವಿನಿಂದ ಅಷ್ಟಲ್ಲ, ತಳದ ಕೊಳಕಿನಿಂದ. ಕೋರಿ ಮರಿ ಹುಟ್ಟಿದಾಗಿನಿಂದ ನೆಲಕ್ಕೆ ಹೊಟ್ಟೆ ಹಚ್ಚಿಕೊಂಡೇ ಇರುತ್ತದೆ, ಎಂಜಲು ಕೊಳೆಯುವುದೂ ಅಲ್ಲೇ. ಏರ್ ಪಂಪ್‌ನ ಸಪೂರ ಟ್ಯೂಬ್‌ನಿಂದ ದಿನವೂ ತಳದ ಕಸ ಎಳೆದು, ಅಷ್ಟೇ ಬಿಸಿಯ ನೀರು ತುಂಬಿ. ಎಳೆದ ನೀರನ್ನು ಬಿಳಿ ಬಕೆಟ್‌ಗೆ ಬಿಡಿ, ಜೊತೆಗೆ ಬಂದ ಮರಿ ಕಾಣುತ್ತದೆ. ಮಾಸ್ ಮುದ್ದೆ, ತೇಲುವ ಗಿಡ, ಹಳೆಯ ಸ್ಪಾಂಜ್ ಫಿಲ್ಟರ್, ಒಂದೆರಡು ರಾಮ್ಸ್‌ಹಾರ್ನ್ ಬಸವನಹುಳು, ಇಷ್ಟಿದ್ದರೆ ಕೆಲಸ ಅರ್ಧ ಆದಂತೆ. ಗಿಡ ಅಮೋನಿಯಾ ಹೀರುತ್ತದೆ, ಹುಳು ಎಂಜಲು ಮುಗಿಸುತ್ತದೆ, ಮಾಸ್‌ನ ಎಳೆಗಳಲ್ಲಿ ಮರಿಗೆ ಇಡೀ ದಿನ ಮೇವು. ತೀರಾ ಬರಿದಾದ ಡಬ್ಬಿಗಿಂತ ತೆಳ್ಳಗೆ ಮರಳು ಹರಡಿದ್ದು ಮೇಲು ಎಂಬುದು ನನ್ನ ಮತ.

ಬ್ರಿಸಲ್‌ನೋಸ್ ಎಂಬ ಇನ್ನೊಂದು ಪುಟ್ಟ ಕ್ಯಾಟ್‌ಫಿಶ್ ಸಾಕುವವರಿಗೆ ಇಷ್ಟು ತಾಪತ್ರಯವಿಲ್ಲ. ಮೂತಿಯ ಮೇಲೆ ಕವಲು ಮೀಸೆ ಇರುವ ಗಂಡು ಗುಹೆಯಂಥ ಜಾಗದಲ್ಲಿ ಮೊಟ್ಟೆ ಕಾಯುತ್ತದೆ, ರೆಕ್ಕೆ ಬೀಸುತ್ತದೆ. ಕಿರಿದಾದ ಗುಹೆ, ಕಚ್ಚಿ ಕೆರೆಯಲು ಒಂದು ಮರದ ತುಂಡು, ಬೇಯಿಸಿದ ಸೌತೆಕಾಯಿ ಚೂರು ಕೊಟ್ಟರೆ ಮುಗಿಯಿತು. ಎಳೆಯ ಎಲೆಯ ಗಿಡ ಕೆರೆಯುವ ಚಾಳಿ ಕೆಲವಕ್ಕಿದೆ.

ಕೋರಿಯನ್ನು ಬಲೆಯಲ್ಲಿ ಹಿಡಿಯಬೇಡಿ. ಪಕ್ಕದ ರೆಕ್ಕೆಯ ಮುಳ್ಳು ಸೆಟೆದು ದಾರಕ್ಕೆ ಸಿಕ್ಕಿಕೊಳ್ಳುತ್ತದೆ. ಲೋಟ ಹಿಡಿದು ಅಟ್ಟಿದರೆ ತಾನೇ ಒಳಗೆ ಬರುತ್ತದೆ. ಹೆಚ್ಚಾದ ಮರಿಯನ್ನು ಕೆರೆ, ಹೊಳೆಗೆ ಬಿಡುವುದು ಸರಿಯಲ್ಲ, ಸಾಕುವವರಿಗೇ ಕೊಡಿ. ಕೊಡುವ ಹಿಂದಿನ ದಿನ ಆಹಾರ ಹಾಕಬೇಡಿ. ಹೆದರಿದ ಕೋರಿ ಮೈಯಿಂದ ವಿಷ ಬಿಟ್ಟು ಚೀಲದ ನೀರನ್ನೇ ಕೆಡಿಸಬಲ್ಲದು. ಅದಕ್ಕೆ ಮೊದಲು ಬಕೆಟ್‌ನಲ್ಲಿ ಅರ್ಧ ಗಂಟೆ ಬಿಟ್ಟು, ಆ ನೀರು ಚೆಲ್ಲಿ, ಹೊಸ ನೀರಿನಲ್ಲಿ ಚೀಲ ಕಟ್ಟಿ ಕಳಿಸಿ.